ಸಾವಿರದ ಆರುನೂರು ವಾಕ್ಯ

ಕಿಟಕಿಯ ಕರ್ಟನ್ ಪೂರ್ತಿ ಎಳೆದರೂ ಬಿಸಿಲಿನ ಒಂದು ಗೆರೆ ಒಳಗೆ ಬಂದೇ ಬಂತು, ಇವರ ಮಂಚವನ್ನು ದಾಟಿ ಮೇಜಿನ ಮೇಲೆ ಬಿಚ್ಚಿಟ್ಟ ಕಂಪ್ಯೂಟರಿನ ಹೊಟ್ಟೆಯೊಳಗೆ ಬಿದ್ದಿದೆ, ಮಾನಿಟರಿನಲ್ಲಿ ನೂರಕ್ಕೆ ನಲವತ್ತೊಂದು, ನಲವತ್ತೆರಡು, ಅಲ್ಲೇ ನಿಂತಿತು, ಮುಂದೆ ಹೋಗಪ್ಪಾ, ಹಾಂ, ನಲವತ್ತಮೂರು. ಇವರು ಮತ್ತೆ ಬೆರಳಾಡಿಸುತ್ತಿದ್ದಾರೆ, ಹೆಬ್ಬೆರಳು ತೋರುಬೆರಳು ಜೋಡಿಸಿ, ಏನನ್ನೋ ಹಿಡಿದು ತಮ್ಮ ಕಡೆಗೆ ಎಳೆದುಕೊಂಡ ಹಾಗೆ, ಕರ್ಟನ್ ಎಳೆದಾಯ್ತಲ್ಲ ರೀ, ಇನ್ನೇನು, ಹೊದಿಕೆಯಾ, ಸರಿ, ಹೊದಿಕೆಯನ್ನೂ ಎದೆಯವರೆಗೆ ಎಳೆದೆ, ಅದಕ್ಕೂ ಊಂ ಊಂ ಎಂದು ತಲೆ ಅಲ್ಲಾಡಿಸುತ್ತಾರೆ — ಈಗ ಗಂಡನ ಗಂಟಲಲ್ಲಿ ಉಳಿದಿರುವುದು ಆ ಊಂ ಒಂದೇ, ಕಾಯಿಲೆ ನಾಲಗೆಯಲ್ಲಿ ಶುರುವಾಗಿ ಕೈಗೆ ಇಳಿಯಿತು, ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು, ಬುದ್ಧಿಗೇನೂ ಆಗಲ್ಲಮ್ಮಾ, ಕೊನೇವರೆಗೂ ಎಲ್ಲ ಗೊತ್ತಾಗ್ತಾ ಇರುತ್ತೆ, ಸಮಾಧಾನಕ್ಕೆ ಹೇಳಿದರೋ ಏನೋ. ಬೆರಳಿಟ್ಟು ತೋರಿಸುವ ಅಕ್ಷರದ ಹಲಗೆ ಕೊಡೋಣವೆಂದರೆ ಅದರ ಮೇಲೆ ಸ್ಕ್ರೂ ಇಟ್ಟಿದ್ದೇನೆ, ಒಂದೊಂದು ಅಕ್ಷರದ ಮೇಲೆ ಒಂದೊಂದು, ಹಳೇ ಅಂಗಿಯ ಗುಂಡಿ ಬಿಚ್ಚಿಡುವ ಹಾಗೆ, ದರ್ಜಿಯ ಕೈ ತಾನೆ, ಈಗ ಎತ್ತಿದರೆ ಎಲ್ಲ ಉರುಳಿ ಮಂಚದ ಕೆಳಗೆ ಹೋಗುತ್ತವೆ, ಒಂದ್ನಿಮಿಷ ಇರೀ, ಪ್ರಾಣ ತಿನ್ಬೇಡಿ, ಇದೊಂದು ಮುಗೀಲಿ, ಆಮೇಲೆ ನೀವು ಮಾತೇ ಆಡಬಹುದು.

ಮಾತೇ, ಅದೂ ಇವರದೇ ದನಿಯಲ್ಲಿ. ಮಾತಿನ ಅಭ್ಯಾಸ ಮಾಡಿಸಲು ಬರುತ್ತಿದ್ದ ಟೀಚರ್ ಹೇಳಿದ್ದರು, ನಾಲಗೆ ಹೊರಳ್ತಿರೋವಾಗ್ಲೇ ದನಿ ತುಂಬಿಸಿಟ್ಕೊಳ್ಳಿ ಸರ್, ಆಮೇಲೆ ನೀವು ಅಕ್ಷರ ತೋರಿಸಿದ್ರೆ ಸಾಕು, ಕಂಪ್ಯೂಟರ್ ನಿಮ್ಮ ಹಾಗೇ ಮಾತಾಡುತ್ತೆ. ಇವರು ನಾಲ್ಕು ತಿಂಗಳು ಕೂತರು, ಸಾವಿರದ ಆರುನೂರು ವಾಕ್ಯ, ಎಲ್ಲ ಅಕ್ಷರ ಬರಬೇಕೆಂದು ಕೊಟ್ಟ ತಲೆಬುಡವಿಲ್ಲದ ವಾಕ್ಯಗಳು, ಜಗಳಗಂಟ ಜಿರಾಫೆ ಜೋಗುಳ ಹಾಡಿತು, ನಾನು ಹೊಲಿಗೆ ಮಿಷನ್ ನಿಲ್ಲಿಸಿ ನಕ್ಕರೆ, ನಗಬೇಡ್ವೇ, ನಿನ್ನ ನಗೂನೂ ರೆಕಾರ್ಡ್ ಆಗುತ್ತೆ. ರೀ, ಇದರಲ್ಲಿ ಬೈಗುಳವೇ ಇಲ್ಲವಲ್ಲ, ಬೈಯದೆ ಮಾತಾಡಿದರೆ ನೀವೇ ಎಂದು ನಾನು ಹೇಗೆ ನಂಬಲಿ, ಅಂದಿದ್ದಕ್ಕೆ ಕೊನೆಗೊಂದು ಸೇರಿಸಿದರು, ನನಗೆಂದೇ. ದನಿ ತುಂಬಿದ ಪ್ರೋಗ್ರಾಮು ಹಳೇ ಸಿಸ್ಟಮ್ಮಿನಲ್ಲಿ ಮಾತ್ರ ಓಡುತ್ತದೆ, ಮಾತಾಡಿಸುವ ಪ್ರೋಗ್ರಾಮು ಹೊಸದರಲ್ಲಿ ಮಾತ್ರ, ಎರಡೂ ಬೇಕು. ಇಬ್ಬರಿಗೂ ಬೇರೆ ಬೇರೆ ಮನೆ ಮಾಡಿಕೊಟ್ಟುಬಿಡು ಕಣೇ, ಜಗಳವೇ ಇರಲ್ಲ ಅಂದರು, ಹತ್ತೊಂಬತ್ತು ವರ್ಷ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳಿದ ಮನುಷ್ಯ, ಒಂದೇ ದಿನ ಒಂದೇ ಅಂಗಡಿಯಲ್ಲಿ ಎರಡು ಡಿಸ್ಕ್ ತಂದರು, ಒಂದೇ ಕಂಪನಿ, ಒಂದೇ ಅಳತೆ, ಅವಳಿ ಮಕ್ಕಳ ಹಾಗೆ, ಒಂದರಲ್ಲಿ ಹಳೇ ಸಿಸ್ಟಮ್ಮೂ ಇವರ ದನಿಯೂ, ಇನ್ನೊಂದು ಇವತ್ತಿನವರೆಗೂ ಡಬ್ಬಿಯಲ್ಲಿ. ಏನೇನು ಮಾಡಬೇಕೆಂದು ತೊದಲುತ್ತಲೇ ಹೇಳಿದರು, ನಾನು ಅಳತೆ ಪುಸ್ತಕದಲ್ಲಿ ಬರೆದುಕೊಂಡೆ, ಯಾರದೋ ತೋಳಿನ ಉದ್ದದ ಕೆಳಗೆ, ಒಂದನೆಯದು, ಹಳೇ ಡಿಸ್ಕಿನ ಕೇಬಲ್ ಕಿತ್ತಿಡು. ನಾನೇನು ಪ್ರಯತ್ನಿಸಲಿಲ್ಲವೇ, ಮೂಲೆಯಲ್ಲಿ ಕಚ್ಚಿಕೊಂಡು ಕೂತಿತ್ತು, ಉಗುರು ಮುರಿಯಿತು, ಹಾಳಾದ್ದು ಇರಲಿ ಬಿಡು, ಹೊಸ ಸಿಸ್ಟಮ್ ಯಾವ ಡಿಸ್ಕಿಗೆ ಎಂದು ಕೇಳುವ ಪಟ್ಟಿ ಬಂದಾಗ ನೋಡಿ ಆರಿಸಿದರಾಯಿತು. ಭಾನುವಾರ ನಾನೇ ಬರ್ತೀನಕ್ಕಾ, ನೀನು ಕೈ ಹಾಕ್ಬೇಡ, ತಮ್ಮ ಹೇಳಿದ್ದ, ಅವನ ಭಾನುವಾರ ಮೂರು ವಾರದಿಂದ ಬರುತ್ತಲೇ ಇದೆ, ಇಲ್ಲಿ ಬೆರಳುಗಳು ಒಂದೊಂದಾಗಿ ಹೋಗುತ್ತಿವೆ, ಉಳಿದಿರುವುದೇ ಎರಡು. ಪಟ್ಟಿ ಬಂತು, ಎರಡು ಸಾಲು, ಅದೇ ಹೆಸರು, ಅದೇ ಅಳತೆ, ಆಮೇಲೆ ಸೇರಿಸಿದ್ದು ಕೆಳಗೆ ತಾನೆ ಇರಬೇಕು, ಕೆಳಗಿನದನ್ನು ಒತ್ತಿದೆ, ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಒಪ್ಪಿಗೆಯೇ ಎಂದು ಕೇಳಿತು, ಖಾಲಿ ಡಿಸ್ಕಿನಲ್ಲಿ ಅಳಿಸೋಕೆ ನಿನ್ನ ತಲೆ ಇದೆಯಾ ಎಂದು ನಕ್ಕುಬಿಟ್ಟೆ, ಇವರು ಆಗಲೂ ಊಂ ಊಂ, ಆಗಲೂ ಬೆರಳು, ನಾನು ಎದ್ದು ಹೋಗಿ ಕರ್ಟನ್ ಎಳೆದೆ.

ನೂರು. ತಾನೇ ಆರಿ ತಾನೇ ಹೊತ್ತಿಕೊಂಡಿತು, ಹೊತ್ತಿಕೊಳ್ಳುವಾಗ ಈ ಕೀ ಒತ್ತು, ಎರಡು ಸಾಲು ಬರುತ್ತೆ, ಹಳೇದು, ಹೊಸದು, ಪುಸ್ತಕದಲ್ಲಿ ಹಾಗೇ ಇದೆ, ಒತ್ತಿದೆ, ಒಂದೇ ಸಾಲು. ಆರಿಸಿ ಮತ್ತೆ ಒತ್ತಿದೆ, ಒಂದೇ, ಒತ್ತಿದ್ದು ತಡವಾಯಿತೇನೋ, ಮತ್ತೆ, ಹೊಸದು ಒಂದೇ, ಒಳಗೆ ಹೋಗಿ ನೋಡಿದರೆ ಇನ್ನೊಂದು ಡಿಸ್ಕ್ ಇದೆ, ಇದೆಯಲ್ಲ, ಅಬ್ಬಾ, ತೆರೆದರೆ ಏನೂ ಇಲ್ಲ, ಡಬ್ಬಿಯಿಂದ ತೆಗೆದ ಹಾಗೇ, ಯಾರೂ ಮುಟ್ಟದ ಹಾಗೇ ಇದೆ. ತಮ್ಮನಿಗೆ ಫೋನ್ ಮಾಡಿ ಹೇಳಿದೆ. ಅಕ್ಕಾ, ಕೇಬಲ್ ಎಳೆದು ತೆಗ್ದಿದ್ದೆ ತಾನೆ. ಇಲ್ಲ ಕಣೋ. ಬೇರೆ ಎಲ್ಲಾದ್ರೂ ಕಾಪಿ. ಭಾನುವಾರ ನೀನು ಬಂದಾಗ ಮಾಡಿಸೋಣಾಂತ. ಅಕ್ಕಾ, ಹಳೇ ಕಾಲದ ತಿರುಗೋ ಡಿಸ್ಕಾದ್ರೆ ಕೆದಕಿ ನೋಡಬಹುದಿತ್ತು, ಇದು ಅಳಿಸಿದ್ರೆ ಅಳಿಸಿದ ಹಾಗೇನೇ, ಭಾವನಿಗೆ ಗೊತ್ತಾಯ್ತಾ. ಗೊತ್ತಾಯಿತೇ ಎಂದು ಕೇಳುತ್ತಾನೆ, ಅಯ್ಯೋ ದೇವರೇ, ಆ ಮನುಷ್ಯನಿಗೆ ನನಗಿಂತ ಮೊದಲೇ ಗೊತ್ತಿತ್ತಲ್ಲೋ, ಮಂಚದಲ್ಲಿ ಕೂತು ನೋಡುತ್ತಲೇ ಇದ್ದರು, ನಾನು ಒತ್ತುವ ಮೊದಲೂ, ಒತ್ತಿದ ಮೇಲೂ. ಸ್ಕ್ರೂಗಳನ್ನು ಒಂದೊಂದೇ ತೆಗೆದು ಹಲಗೆ ಹಿಡಿದೆ, ಬೈಯಿರಿ ರೀ, ಬಾಯಿಗೆ ಬಂದ ಹಾಗೆ ಬೈಯಿರಿ, ಅಂದರೆ ಹಲಗೆಯ ಕಡೆ ನೋಡಲೂ ಇಲ್ಲ, ಕೈ ಹೊದಿಕೆಯ ಮೇಲೆ ಬಿದ್ದಿದೆ, ಕಣ್ಣು ಬಿಸಿಲಿನ ಗೆರೆಯ ಮೇಲಿದೆ. ನನಗೆಂದೇ ಸೇರಿಸಿದ ಆ ಕೊನೆಯ ವಾಕ್ಯ, ಅವಸರ ಮಾಡ್ಬೇಡ್ವೇ ಕತ್ತೆ, ಮಾತು ನೆನಪಿದೆ, ದನಿ ಬರುತ್ತಿಲ್ಲ, ಅವಸರ ಅನ್ನುವಾಗ ದನಿ ಏರುತ್ತಿತ್ತೋ ಇಳಿಯುತ್ತಿತ್ತೋ, ಕತ್ತೆ ಅನ್ನುವಾಗ ನಗು ಇತ್ತಲ್ಲ, ಹೇಗಿತ್ತು, ನನ್ನ ದನಿಯಲ್ಲೇ ಕೇಳುತ್ತಿದೆ, ಬೇಡ, ಮತ್ತೆ, ಅವಸರ ಮಾಡ್ಬೇಡ್ವೇ, ಕಣ್ಣು ಮುಚ್ಚಿದರೂ ದನಿ ಬರುವುದಿಲ್ಲ, ಬರುವುದು ಆ ಎರಡು ಬೆರಳು, ಹೆಬ್ಬೆರಳು ತೋರುಬೆರಳು, ಜೋಡಿಸಿ, ಗಾಳಿಯಲ್ಲಿ ಇಲ್ಲದ ಕೇಬಲ್ ಹಿಡಿದು, ಎಳೆದು, ಮತ್ತೆ ಹಿಡಿದು, ಎಳೆದು, ಎರಡು ಬೆರಳು