ಹಿಂಬದಿ ಜಗುಲಿಯ ಕೋಣೆ, ಆಶ್‌ಟ್ರೇ ಒಂದು

ಸರ್ರನೆ ಬೆಂಕಿಕಡ್ಡಿ ಗೀರಿದ ಸದ್ದು. ರಾತ್ರಿ ಒಂದು ಗಂಟೆ ದಾಟಿತ್ತು. ಬೇರೆ ಯಾರಾದರೂ ಆಗಿದ್ದರೆ ಹಲ್ಲಿಯೋ ಇಲಿಯೋ ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದರು. ಅಕ್ಕ ಎದ್ದು ಕೂತಳು.

ಮನೆಯವರಿಗೆಲ್ಲ ಅವಳು ಅಕ್ಕ. ಎರಡು ವರ್ಷದ ಹಿಂದೆ ತೀರಿಕೊಂಡ ಅಪ್ಪ ಮಾತ್ರ ‘ಪಹರೆಯಮ್ಮ’ ಎನ್ನುತ್ತಿದ್ದರು. ಗ್ಯಾಸ್ ಆರಿದೆಯೇ, ಬಾಗಿಲಿಗೆ ಚಿಲಕ ಬಿದ್ದಿದೆಯೇ, ಯಾರ ಮುಖ ಯಾಕೆ ಸಪ್ಪಗಿದೆ ಎಂದು ಹಾಲುಹಲ್ಲು ಬೀಳುವ ವಯಸ್ಸಿನಿಂದಲೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳು ಅವಳು. ಸರೋವರದ ದಂಡೆಯ ಈ ರೆಸಾರ್ಟಿಗೆ ಬಂದಿಳಿದ ಸಂಜೆ ರಿಸೆಪ್ಷನ್ನಿನ ಕಾಗದಕ್ಕೆ ಸಹಿ ಹಾಕಿದವಳೂ ಅವಳೇ. ಕಾಗದದಲ್ಲಿ ಇದ್ದದ್ದು ಎರಡೇ ಸಾಲು: ನಮ್ಮ ಕುಟುಂಬದಲ್ಲಿ ಯಾರೂ ಸಿಗರೇಟು ಸೇದುವುದಿಲ್ಲ; ಸೇದಿದ್ದು ಗೊತ್ತಾದರೆ ಅದೇ ದಿನ ಎಲ್ಲ ಕೋಣೆಗಳನ್ನೂ ಖಾಲಿ ಮಾಡುತ್ತೇವೆ.

ಮೊದಲು ನೆನಪಾದದ್ದು ತಮ್ಮ. ಪಕ್ಕದ ಕೋಣೆಯಲ್ಲಿ ಹೆಂಡತಿ ಮಗುವಿನ ಜೊತೆ ಇದ್ದಾನೆ. ಎರಡು ಕೋಣೆಗೂ ಹಿಂದೆ ಒಂದೇ ಜಗುಲಿ. ದಿನಕ್ಕೊಂದು ಪ್ಯಾಕು ಸೇದುತ್ತಿದ್ದವನು ಅಪ್ಪ ಹೋದ ದಿನ ಆಸ್ಪತ್ರೆಯ ಕಸದ ಡಬ್ಬಿಗೆ ಪ್ಯಾಕನ್ನು ಎಸೆದವನು, ಮತ್ತೆ ಮುಟ್ಟಿರಲಿಲ್ಲ. ಮತ್ತೆ ಶುರು ಮಾಡಿದನೇ? ಅಮ್ಮನಿಗೆ ಎಚ್ಚರವಾಗದಿರಲಿ ಎಂದು ಪಕ್ಕದ ಮಂಚ ನೋಡಿದಳು. ಮಂಚ ಖಾಲಿ ಇತ್ತು.

ಕಿಟಕಿಯ ಪರದೆಯನ್ನು ಬೆರಳಗಲ ಸರಿಸಿದಳು. ಜಗುಲಿಯ ಬೆತ್ತದ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು. ಕೈಯಲ್ಲಿ ಸಿಗರೇಟು.

ಅಪ್ಪನ ನೆನಪಿಗೆ ಹಚ್ಚಿಕೊಂಡಿದ್ದಾಳೆ ಪಾಪ, ಎಂದುಕೊಂಡಳು ಅಕ್ಕ. ಅಮ್ಮ ಸಿಗರೇಟನ್ನು ತುಟಿಗೆ ತಂದು, ಕಣ್ಣು ಅರೆಮುಚ್ಚಿ, ಒಳಗೆಳೆದುಕೊಂಡು, ಮೂಗಿನಿಂದ ನಿಧಾನವಾಗಿ ಎರಡು ಎಳೆ ಹೊಗೆ ಬಿಟ್ಟಳು. ನೋಡದೆಯೇ ತೋರುಬೆರಳಿನಿಂದ ತಟ್ಟಿ ಬೂದಿಯನ್ನು ಕಾಫಿ ಬಟ್ಟಲಿಗೆ ಕೆಡವಿದಳು. ನಲವತ್ತು ವರ್ಷ ಸೂಜಿಗೆ ದಾರ ಪೋಣಿಸಿದವರ ಕೈಯಂತಿತ್ತು ಆ ಕೈ. ನೆನಪಿಗೆ ಹಚ್ಚಿದವರು ಹೀಗೆ ಸೇದುವುದಿಲ್ಲ.

ಅಕ್ಕ ಪರದೆ ಬಿಟ್ಟು ಬಂದು ಮಲಗಿದಳು. ಅಮ್ಮ ಬಾಯಿ ಮುಕ್ಕಳಿಸಿ, ಕೈ ತೊಳೆದು, ಬೆಕ್ಕಿನಂತೆ ಬಂದು ಹೊದಿಕೆಯೊಳಗೆ ಸೇರಿದಾಗ ನಿದ್ದೆಯ ಉಸಿರು ನಟಿಸಿದಳು.

ಬೆಳಗಾಗುವ ತನಕ ಅವಳ ನೆನಪಿಗೆ ಬಂದದ್ದು ಅಪ್ಪನೇ. ದೂರದೂರಿನ ಬಸ್ಸಿನ ಡ್ರೈವರ್ ಅಪ್ಪ. ಅವರು ಮನೆಗೆ ಬರುವಾಗ ಮಕ್ಕಳು ಮಲಗಿರುತ್ತಿದ್ದರು, ಮಕ್ಕಳು ಏಳುವಾಗ ಅವರು ಮಲಗಿರುತ್ತಿದ್ದರು. ವರ್ಷಕ್ಕೆ ಏಳು ದಿನ ಮಾತ್ರ ಎಲ್ಲರೂ ಈ ರೆಸಾರ್ಟಿಗೆ. ಆಗ ಇದಕ್ಕೆ ತಗಡಿನ ಮಾಡು, ಬಣ್ಣ ಸುಲಿದ ದೋಣಿ ಎರಡು. ಅಪ್ಪ ತಿಂಗಳ ಮೊದಲೇ ಕೋಣೆ ಕೇಳಿ ಅಂಚೆ ಕಾರ್ಡು ಬರೆಯುತ್ತಿದ್ದರು. ಆ ಕಾರ್ಡುಗಳನ್ನೆಲ್ಲ ರೆಸಾರ್ಟಿನವರು ದಾರ ಕಟ್ಟಿ ಇಟ್ಟಿದ್ದರು. ಹಳೆಯ ಗಿರಾಕಿಗಳು ಯಾವ ಕೋಣೆ ಕೇಳುತ್ತಾರೆ, ಯಾರಿಗೆ ಮೆತ್ತನೆ ದಿಂಬು ಆಗದು ಎಂಬುದೆಲ್ಲ ಅವರಿಗೆ ಕಾರ್ಡಿನಿಂದಲೇ ಗೊತ್ತಾಗಬೇಕು. ನಿನ್ನೆ ಸಂಜೆ ಮ್ಯಾನೇಜರ್ ಹುಡುಗಿ ಆ ಕಟ್ಟನ್ನು ತೋರಿಸಿದ್ದಳು. ಪ್ರತಿ ಕಾರ್ಡಿನಲ್ಲೂ ಅಪ್ಪನ ದಪ್ಪ ಅಕ್ಷರ: ‘ಹಿಂಬದಿ ಜಗುಲಿಯ ಕೋಣೆ. ಆಶ್‌ಟ್ರೇ ಒಂದು. ಮಕ್ಕಳು ಏಳುವ ಮೊದಲೇ ಅದನ್ನು ತೆಗೆಸತಕ್ಕದ್ದು. ಸೇದುವವನು ನಾನು.’

ಆ ಕೊನೆಯ ಮಾತು ಓದಿ ಅಕ್ಕ ನಕ್ಕಿದ್ದಳು. ಅದನ್ನೂ ಬರೆಯಬೇಕಿತ್ತೇ ಈ ಅಪ್ಪ?

ಅವಳಿಗೆ ಹನ್ನೊಂದು ವರ್ಷ ಇದ್ದಾಗ ಒಂದು ಬೆಳಗ್ಗೆ ಯಾರೋ ಆಶ್‌ಟ್ರೇ ತೆಗೆಯುವುದನ್ನು ಮರೆತಿದ್ದರು. ಅದರಲ್ಲಿ ಎರಡು ತುಂಡು. ‘ಯಾರದಿದು?’ ಎಂದು ಅವಳು ಕೇಳಿದಾಗ ಅಮ್ಮನ ಕೈಯ ಬಾಚಣಿಗೆ ಕೂದಲಲ್ಲೇ ನಿಂತಿತ್ತು. ಅಪ್ಪ ಹಾಸಿಗೆಯಿಂದಲೇ ಕೈ ಎತ್ತಿ, ‘ನನ್ನದಮ್ಮ, ತಪ್ಪಾಯ್ತು’ ಎಂದಿದ್ದರು. ಅಂದಿನಿಂದ ಅವಳ ಕಾವಲು. ಸಂಜೆಯಾದರೆ ಜಗುಲಿಯ ಮೆಟ್ಟಿಲಿನ ಮೇಲೆ ಅಪ್ಪನಿಗೆ ಅಂಟಿ ಕೂರುವಳು. ಸೇದಿದರೆ ಶ್ವಾಸಕೋಶ ಇದ್ದಿಲಾಗುತ್ತೆ, ನಮ್ಮ ಟೀಚರು ಹೇಳಿದ್ದಾರೆ, ಎಂದು ಬೈಯುವಳು. ಅಪ್ಪ ತಲೆತಗ್ಗಿಸಿ ಕೇಳುವರು. ಆಮೇಲೆ ಬಸ್ಸಿನ ಕಥೆ ಶುರು. ಕೋಳಿ ತಂದವನು, ಕೋಳಿಗೂ ಟಿಕೆಟ್ಟು ಕೇಳಿದ ಕಂಡಕ್ಟರು, ಮಾರ್ಗ ತಪ್ಪಿ ಮದುವೆ ಚಪ್ಪರದೊಳಗೆ ನುಗ್ಗಿದ ಬಸ್ಸು. ಕಾವಲುಗಾತಿ ಅಲ್ಲೇ ನಿದ್ದೆಹೋಗುವಳು. ಅಪ್ಪ ಎತ್ತಿಕೊಂಡು ಹೋಗಿ ಮಲಗಿಸುವರು. ಅವರ ಅಂಗಿಯಲ್ಲಿ ಡೀಸೆಲ್ಲಿನ ವಾಸನೆ ಇರುತ್ತಿತ್ತು, ಸಾಬೂನಿನ ವಾಸನೆ ಇರುತ್ತಿತ್ತು.

ಹೊಗೆಯ ವಾಸನೆ? ಅಕ್ಕ ಕತ್ತಲಲ್ಲಿ ಕಣ್ಣು ತೆರೆದು ಹುಡುಕಿದಳು. ಒಂದು ಸಲವೂ ಇರಲಿಲ್ಲ. ಇಷ್ಟೆಲ್ಲ ಕಾದವಳಿಗೆ ಅದೊಂದು ಹೊಳೆದಿರಲೇ ಇಲ್ಲ.

ಆಮೇಲೆ ನೆನಪಾದದ್ದು ಆಸ್ಪತ್ರೆ. ಅಪ್ಪನ ಹೃದಯ ಸೋತಿತ್ತು. ಹೆದರಿಕೆ ಅವಳ ಬಾಯಲ್ಲಿ ಸಿಟ್ಟಾಗಿ ಬಂದಿತ್ತು: ‘ಹನ್ನೊಂದನೇ ವಯಸ್ಸಿಂದ ಬಡ್ಕೊಂಡೆ. ಕೇಳಿದ್ರಾ ನೀವು?’ ಅಪ್ಪ ಒಣಗಿದ ತುಟಿಯಲ್ಲೇ ನಕ್ಕು, ‘ಕೇಳಬೇಕಿತ್ತಮ್ಮ’ ಎಂದಿದ್ದರು. ಅದು ಅವಳ ಜೊತೆ ಅವರು ಆಡಿದ ಕೊನೆಯ ಮಾತು.

ಬೆಳಗಿನ ತಿಂಡಿಯ ಮೇಜಿಗೆ ಮ್ಯಾನೇಜರ್ ಹುಡುಗಿ ಬಂದಳು. ವಯಸ್ಸು ಇಪ್ಪತ್ತೈದಿರಬಹುದು, ಮಾತು ಇಸ್ತ್ರಿ ಹಾಕಿದಂತೆ.

“ದಯವಿಟ್ಟು ತಪ್ಪು ತಿಳ್ಕೋಬೇಡಿ. ರಾತ್ರಿ ನಿಮ್ಮ ಜಗುಲಿಯಿಂದ ಸಿಗರೇಟು ಹೊಗೆ ಬಂತು ಅಂತ ಮೇಲಿನ ಕೋಣೆಯವರು ದೂರು ಕೊಟ್ಟಿದ್ದಾರೆ. ಅವರದ್ದು ಎಳೆಮಗು. ನೀವು ಸಹಿ ಹಾಕಿದ್ದೀರಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಮ್ಮ ತನ್ನ ಅಂಗಿಯ ತೋಳು ಮೂಸಿಕೊಂಡ. ಅಷ್ಟು ಸಾಕಾಯಿತು ಅವನ ಹೆಂಡತಿಗೆ. ಅವಳು ಹಲ್ಲಿನ ಡಾಕ್ಟರು.

“ಬಾಯಿ ತೆಗೀರಿ,” ಎಂದಳು.

“ಏಯ್, ಎಲ್ಲರ ಮುಂದೆ ಏನಿದು? ನಾನಲ್ಲ.”

“ಎರಡು ವರ್ಷದಲ್ಲಿ ಎಷ್ಟು ಸಲ ‘ನಾನಲ್ಲ’ ಅನ್ನೋ ಹಾಗಾಗಿದೆ? ಒಂದು ಸಲಾನೂ ಇಲ್ಲ. ಇವತ್ತು ಯಾಕೆ ಬಂತು?” ಅವಳ ದನಿ ಏರಲಿಲ್ಲ, ಆದರೆ ಮಗುವಿನ ತಟ್ಟೆಯ ಬ್ರೆಡ್ಡನ್ನು ಅವಳು ಚೂರು ಚೂರು ಮಾಡುತ್ತಿದ್ದಳು. “ನಿಮ್ಮಪ್ಪನ ಮುಂದೆ ಮಾಡಿದ ಆಣೆ ಅದು.”

ತಮ್ಮನ ಕಿವಿ ಕೆಂಪಗಾಯಿತು. ಎಷ್ಟು ನಿಜ ಹೇಳಿದರೂ ಸುಳ್ಳಿನಂತೆ ಕಾಣುವ ಮುಖ ಅವನದು, ಹುಟ್ಟಿನಿಂದಲೂ.

ಅಮ್ಮನ ಚಮಚ ಬಟ್ಟಲಿನ ಅಂಚಿನಲ್ಲಿ ನಿಂತಿತ್ತು. ಅವಳು ಗಂಟಲು ಸರಿಮಾಡಿಕೊಂಡು, “ನೋಡಮ್ಮ, ಅದು...” ಎಂದು ಶುರು ಮಾಡಿದಳು. ಎಪ್ಪತ್ತರ ಹೆಂಗಸು, ಸೊಸೆಯೆದುರು, ಮೊಮ್ಮಗುವಿನೆದುರು.

“ನಾನು ಸೇದಿದ್ದು,” ಎಂದಳು ಅಕ್ಕ.

ತಮ್ಮ ಮೊದಲು ನಕ್ಕ. “ನೀನಾ? ಸೊಳ್ಳೆಬತ್ತಿ ಹೊಗೆಗೇ ಕೆಮ್ಮಿ ಕೆಮ್ಮಿ ಸಾಯೋಳು ನೀನು.”

“ನಿಮ್ಮ ಹಲ್ಲು ಹಾಲಿನ ಹಾಗಿದೆ, ಅಕ್ಕ,” ಎಂದಳು ಡಾಕ್ಟರು, ಅನುಮಾನದಿಂದ.

“ನಿನ್ನೆ ತಾನೇ ಶುರು ಮಾಡಿದ್ದು. ಹಲ್ಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.”

ಜೀವಮಾನದಲ್ಲಿ ಅವಳು ಹೇಳಿದ ಸುಳ್ಳುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಮ್ಯಾನೇಜರ್ ಹುಡುಗಿ ಮೂವತ್ತು ಕಾರ್ಡುಗಳ ಆ ಕಟ್ಟನ್ನು ಓದಿದವಳು.

“ಇಷ್ಟು ವರ್ಷದಿಂದ ಬರ್ತಿರೋ ಕುಟುಂಬ. ಎಲ್ಲರನ್ನೂ ಹೊರಡಿ ಅನ್ನೋಕೆ ನನಗೆ ಮನಸ್ಸಿಲ್ಲ. ಸೇದಿದವರು ಮಾತ್ರ ಹೊರಡಲಿ. ಇನ್ನೊಂದು ಸಲ ಹೊಗೆ ಬಂದ್ರೆ ಮಾತ್ರ ನನ್ನ ಕೈಲೂ ಏನೂ ಆಗಲ್ಲ.”

“ಅಮ್ಮ ಅದೇ ಕೋಣೆಯಲ್ಲಿ ಇರಬಹುದಾ?”

“ಇರಬಹುದು.”

ಅಕ್ಕ ಚೀಲ ತುಂಬುತ್ತಿದ್ದಾಗ ಅಮ್ಮ ಬಂದು ಬಾಗಿಲು ಮುಂದೆ ಮಾಡಿದಳು. ಮಂಚದ ತುದಿಯಲ್ಲಿ ಕೂತು ಮಗಳ ಸೀರೆಯೊಂದನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

“ಯಾವಾಗ ನೋಡಿದೆ?”

“ರಾತ್ರಿ.”

“ಟೆಲಿಫೋನ್ ಎಕ್ಸ್‌ಚೇಂಜಲ್ಲಿ ರಾತ್ರಿ ಪಾಳಿ ಮಾಡ್ತಿದ್ದಾಗ ಅಂಟಿದ್ದು. ಮದುವೆ ಆದ್ಮೇಲೆ ಬಿಟ್ಟೆ. ವರ್ಷವಿಡೀ ಬಿಟ್ಟಿರ್ತಿದ್ದೆ. ಈ ಏಳು ದಿನ ಬಿಡೋಕಾಗ್ತಿರಲಿಲ್ಲ. ಅಡುಗೆ ಇಲ್ಲ, ಬಟ್ಟೆ ಇಲ್ಲ, ಕೈ ಖಾಲಿ. ಅವರಿಗೆ ಗೊತ್ತಿತ್ತು. ಅವರಿಗೋ, ಒಂದು ಬೆಂಕಿಕಡ್ಡಿ ಗೀರೋಕೂ ಬರ್ತಿರಲಿಲ್ಲ. ಮೂರು ಮುರಿದ್ರೆ ಒಂದು ಹತ್ತೋದು.”

ಅಕ್ಕ ಕೇಳಬೇಕಾದದ್ದು ಒಂದೇ ಇತ್ತು. ಅದನ್ನು ಕೇಳಲು ಬೆನ್ನು ತಿರುಗಿಸಿ ನಿಂತಳು. “ಆಸ್ಪತ್ರೆಯಲ್ಲಿ ನಾನು ಹಾಗೆ ಬೈದಾಗ ನೀನು ಯಾಕೆ ಸುಮ್ನಿದ್ದೆ?”

“ಹೇಳೋಕೆ ಬಾಯಿ ತೆಗೆದೆ ಕಣೇ. ಹೊದಿಕೆ ಒಳಗೆ ನನ್ನ ಕೈ ಹಿಡ್ಕೊಂಡಿದ್ರಲ್ಲ, ಒತ್ತಿದ್ರು. ಅಷ್ಟು ಶಕ್ತಿ ಎಲ್ಲಿತ್ತೋ.” ಅಮ್ಮ ಸೀರೆಯ ಅಂಚನ್ನು ನೀವಿದಳು. “ನಿನ್ನ ಕೈಲಿ ಬೈಸಿಕೊಳ್ಳೋದು ಅಂದ್ರೆ ಅವರಿಗೆ ಪ್ರಾಣ. ನಾನೇ ಎಷ್ಟೋ ಸಲ ಅಂದಿದ್ದೆ, ಮಗುಗೆ ನಿಜ ಹೇಳಿಬಿಡೋಣ ಅಂತ. ಅವರು, ಬೇಡ ಕಣೇ, ವರ್ಷವೆಲ್ಲ ನನ್ನ ಮುಖ ನೋಡದ ಹುಡುಗಿ, ಬೈಯೋಕಾದ್ರೂ ಏಳು ದಿನ ಪಕ್ಕ ಬಂದು ಕೂರ್ತಾಳೆ, ಕೆಡಿಸಬೇಡ ಅಂದ್ರು. ನೀನು ನಿದ್ದೆಹೋಗೋ ತನಕ ನಾನು ಒಳಗೆ ಚಡಪಡಿಸ್ತಾ ಇರ್ತಿದ್ದೆ. ನಿನಗೋ ಹತ್ತು ಗಂಟೆಯಾದ್ರೂ ನಿದ್ದೆ ಬರ್ತಿರಲಿಲ್ಲ, ಹಾಳು ಪಹರೆ.”

ಅಕ್ಕನಿಗೆ ನಗುವೂ ಅಳುವೂ ಒಟ್ಟಿಗೆ ಬಂದು ಯಾವುದೂ ಸರಿಯಾಗಿ ಹೊರಡಲಿಲ್ಲ. ಅಮ್ಮ ತಲೆದಿಂಬಿನ ಕೆಳಗಿನಿಂದ ಪ್ಯಾಕು ತೆಗೆದು ಮಗಳ ಚೀಲದ ಬದಿಯ ಜೇಬಿಗೆ ತುರುಕಿದಳು.

“ತಗೊಂಡು ಹೋಗು. ಇದು ಇಲ್ಲಿದ್ರೆ ನನ್ನ ಕೈ ಸುಮ್ನಿರಲ್ಲ. ಅವರು ಬೇರೆ ಇಲ್ಲ, ನನ್ನದು ಅಂತ ಹೇಳೋಕೆ.”

ಮಧ್ಯಾಹ್ನದ ಬಸ್ಸಿಗೆ ಬಿಡಲು ತಮ್ಮ ಬಂದ. ಸರೋವರದ ದಂಡೆಯ ದಾರಿಯುದ್ದಕ್ಕೂ ಚೀಲ ಹೊತ್ತು ನಡೆದ. ಹಳೆಯ ದೋಣಿಗಳ ಜಾಗದಲ್ಲಿ ಈಗ ಬಾತುಕೋಳಿ ಆಕಾರದ ಪ್ಲಾಸ್ಟಿಕ್ ದೋಣಿಗಳು. ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಚೀಲ ಇಟ್ಟು ಕೈ ಚಾಚಿದ.

“ಕೊಡು.”

“ಏನು?”

“ಪ್ಯಾಕು. ನನ್ನ ಹತ್ರ ಆಟ ಬೇಡ, ಅಕ್ಕ. ಹದಿನೈದು ವರ್ಷ ಸೇದಿದವನು ನಾನು. ಚೀಲದ ಯಾವ ಜೇಬಲ್ಲಿದೆ ಅಂತ ನಡೀತಾನೇ ಗೊತ್ತಾಯ್ತು.”

ಅವಳು ಕೊಟ್ಟಳು. ಅವನು ಅದನ್ನು ಮೂಗಿನ ಹತ್ತಿರ ತಂದ. ಎರಡು ಕ್ಷಣ ಹಾಗೆಯೇ ಹಿಡಿದಿದ್ದ. ಆಮೇಲೆ ಮುಷ್ಟಿಯಲ್ಲಿ ಹಿಚುಕಿ ಕಸದ ಡಬ್ಬಿಗೆ ಹಾಕಿದ.

“ಬೆಳಗ್ಗೆ ನಾನು ಅಂದ್ಕೊಂಡ್ರು ಎಲ್ಲರೂ. ನೀನೂ ಅಂದ್ಕೊಂಡಿದ್ಯೇನೋ.”

“ಅರ್ಧ ನಿಮಿಷ,” ಎಂದಳು ಅಕ್ಕ.

“ನಾನು ಯಾಕೆ ಮುಟ್ಟಲ್ಲ ಗೊತ್ತಾ? ಹೆಂಡತಿಗೆ ಹೆದರಿ ಅಲ್ಲ, ಆಣೆಗೂ ಅಲ್ಲ. ಸೇದಬೇಕು ಅನ್ನಿಸಿದಾಗೆಲ್ಲ ಅಪ್ಪನ್ನ ನೆನಪು ಮಾಡ್ಕೋತೀನಿ. ವರ್ಷಕ್ಕೆ ಏಳೇ ದಿನ ಸೇದಿದ ಮನುಷ್ಯ. ಅಷ್ಟಕ್ಕೇ ಹೃದಯ ಹೋಯ್ತು ಅಂದ್ರೆ ನನ್ನ ಗತಿ ಏನು? ಕೈ ತಾನಾಗಿ ಹಿಂದಕ್ಕೆ ಬರುತ್ತೆ. ನೀನೂ ಅದನ್ನೇ ನೆನಪು ಮಾಡ್ಕೋ.”

ಅಪ್ಪ ಸೇದಿರಲಿಲ್ಲ ಕಣೋ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಬೆಳಗಿನಿಂದ ಅವಳಿಗೆ ಬೇಕಾಗಿದ್ದದ್ದು ಇದೊಂದೇ: ಯಾರಿಗಾದರೂ ಒಬ್ಬರಿಗೆ ಹೇಳಿ ಅಪ್ಪನ ಮೇಲಿನ ಆ ಕಲೆಯನ್ನು ಒರೆಸುವುದು. ಎಲ್ಲರಿಗಿಂತ ಮೊದಲು ಕೇಳಬೇಕಾದವನು ಎದುರಿಗೇ ಇದ್ದ. ಅವನು ಅಂಗೈಗೆ ಅಂಟಿದ ತಂಬಾಕಿನ ಪುಡಿಯನ್ನು ಪ್ಯಾಂಟಿಗೆ ಉಜ್ಜಿಕೊಂಡ, ಇನ್ನೊಮ್ಮೆ ಉಜ್ಜಿದ. ಆ ಕೈಯನ್ನು ಹಿಂದಕ್ಕೆಳೆಯುತ್ತಿದ್ದದ್ದು ಆ ಕಲೆಯೇ.

ಬಸ್ಸು ಬಂತು. ತಮ್ಮ ಚೀಲ ಮೇಲೆ ಹತ್ತಿಸಿ, ಕಿಟಕಿಯ ಬಳಿ ನಿಂತು, “ಬಿಡ್ತೀಯಲ್ಲ?” ಎಂದು ಕೇಳಿದ.

“ಬಿಟ್ಟಾಯ್ತು.”

“ಅಪ್ಪನ ಮೇಲೆ ಆಣೆ?”

ಅಕ್ಕ ಅವನ ಕೈಯ ಮೇಲೆ ಕೈ ಇಟ್ಟಳು. “ಆಣೆ.”

ಬಸ್ಸು ಹೊರಟಿತು. ಮನೆ ತಲುಪಿದ ಮೇಲೆ, ರಜೆ ಸಿಗದೆ ಅಲ್ಲೇ ಉಳಿದಿದ್ದ ಗಂಡ ಕೇಳುತ್ತಾನೆ, ಇಷ್ಟು ಬೇಗ ಯಾಕೆ ಬಂದೆ ಎಂದು. ತಮ್ಮನ ಹೆಂಡತಿ ಇನ್ನು ವರ್ಷವಿಡೀ ಅವಳ ಹಲ್ಲು ನೋಡುತ್ತಾಳೆ. ನೋಡಲಿ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಡ್ರೈವರನ ಬೆನ್ನನ್ನೇ ನೋಡುತ್ತ ಕೂತಳು. ಯಾರಿಗೂ ಹೇಳುವುದಿಲ್ಲ, ಗಂಡನಿಗೂ ಇಲ್ಲ, ಎಂದು ಊರು ಬರುವುದಕ್ಕೆ ಬಹಳ ಮೊದಲೇ ತೀರ್ಮಾನಿಸಿದ್ದಳು.