ಠಣ್ ಎನ್ನದ ಇದ್ದಿಲು

ಹೊಗೆ ಕಾರುವ ಇದ್ದಿಲಿನ ಮೇಲೆ ಕಾನೂನು ಬರುತ್ತದಂತೆ ಎಂಬ ಸುದ್ದಿ ಸೌದಿಯ ಅಲ್ ಅಹ್ಸಾದ ಸೌದೆ ಅಂಗಡಿಗಳ ಸಾಲಿಗೆ ತಲುಪಿದ ದಿನ, ಅಲ್ಲಿ ಖುಷಿಪಟ್ಟವನು ಅಲಿಯಬ್ಬ ಒಬ್ಬನೇ. ಉಳಿದವರು ನಗರಪಾಲಿಕೆಯನ್ನೂ ಆಸ್ತಮಾ ರೋಗಿಗಳನ್ನೂ ಒಟ್ಟಿಗೆ ಬೈದರು. ಅಲಿಯಬ್ಬ ಮಾತ್ರ ಚಾ ಲೋಟ ಕೆಳಗಿಟ್ಟು, "ಬರ್ಲಿ. ಇಷ್ಟು ವರ್ಷ ನಾನು ಬಾಯಲ್ಲಿ ಹೇಳಿದ್ದನ್ನು ಅವರು ಕಾಗದದಲ್ಲಿ ಹೇಳ್ತಾರೆ, ಅಷ್ಟೇ ಅಲ್ವಾ?" ಎಂದ. ಆ ಕಾಗದವನ್ನು ಅವನು ಓದಿರಲಿಲ್ಲ. ಓದಿದ್ದರೆ ಚಾ ಲೋಟ ಕೈಯಲ್ಲೇ ಉಳಿಯುತ್ತಿತ್ತೋ ಏನೋ.

ಅಲಿಯಬ್ಬ ಬಂಟ್ವಾಳದ ಕಡೆಯವನು. ಅಬು ರಾಕಾನ್‌ನ ಇದ್ದಿಲು ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದ. ಅವನ ಇಕಾಮಾದಲ್ಲಿ, ಅಂದರೆ ಅಲ್ಲಿನ ವಾಸದ ಪರವಾನಗಿಯಲ್ಲಿ, 'ಹಮಾಲಿ' ಎಂದಿತ್ತು. ಆದರೆ ಗಿರಾಕಿಗಳು ದಹ್ರಾನಿನಿಂದ ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಬರುತ್ತಿದ್ದುದು ಹಮಾಲಿಯನ್ನು ನೋಡಲಿಕ್ಕಲ್ಲ, ಅವನ ಕಿವಿಗಾಗಿ. ಅವನದೊಂದು ಕ್ರಮವಿತ್ತು. ಗಿರಾಕಿ ಬಂದರೆ ಮೊದಲು ಗೋಣಿಯ ಬಾಯಿ ಬಿಚ್ಚಿ, ಭುಜದವರೆಗೆ ತೋಳನ್ನು ಒಳಗೆ ತೂರಿಸಿ, ತಳದಿಂದ ಎರಡು ತುಂಡು ತೆಗೆಯುತ್ತಿದ್ದ. ಮೇಲಿನದನ್ನು ಎಂದೂ ಮುಟ್ಟುತ್ತಿರಲಿಲ್ಲ. ಮೇಲಿನದು ತೋರಿಸಲಿಕ್ಕೆ ಇಟ್ಟದ್ದು ಎಂದು ಅವನಿಗೆ ಕಲಿಸಿದ ಸುಡಾನಿ ಮುದುಕ ಹೇಳಿದ್ದ. ಆ ಎರಡನ್ನು ಗಿರಾಕಿಯ ಬಲಗಿವಿಯ ಹತ್ತಿರ ಹಿಡಿದು ಒಂದಕ್ಕೊಂದು ಬಡಿಯುತ್ತಿದ್ದ. ಪೂರ್ತಿ ಸುಟ್ಟ ಇದ್ದಿಲು ಕಂಚಿನ ಬಟ್ಟಲಿನ ಹಾಗೆ ಠಣ್ ಎನ್ನುತ್ತದೆ. ಅದು ಹೊಗೆ ಕೊಡುವುದಿಲ್ಲ. ಒಳಗೆ ಮರ ಮರವಾಗಿಯೇ ಉಳಿದಿರುವ ಅರೆಬೆಂದ ಇದ್ದಿಲು ದಬ್ ಎನ್ನುತ್ತದೆ. ಅದನ್ನು ಹೊತ್ತಿಸಿದರೆ ಕಣ್ಣು ಮೂಗು ಉರಿದುಹೋಗುತ್ತವೆ. ದಬ್ ಎಂದದ್ದನ್ನು ಅಲಿಯಬ್ಬ ಮಾರುತ್ತಿರಲಿಲ್ಲ ಎಂದಲ್ಲ. ಇದು ದಬ್ ಎಂದು ಹೇಳಿ ಮಾರುತ್ತಿದ್ದ.

ಊರಿನಲ್ಲಿ ಈ ವಿದ್ಯೆಗೆ ಬೆಲೆಯಿಲ್ಲ. ಬಂಟ್ವಾಳದಲ್ಲಿ ಈಗ ಮದುವೆಯ ಬಿರಿಯಾನಿಯೂ ಗ್ಯಾಸಿನ ಮೇಲೇ ಬೇಯುತ್ತದೆ. ರಜೆಯಲ್ಲಿ ಹೋದಾಗ ಅವನು ಖದೀಜತ್ತಳ ಗಂಡ, ಅಷ್ಟೇ. ಇಲ್ಲಿ ಮಾತ್ರ ಅವನು ಬಡಿದು 'ಒಳ್ಳೇದು' ಎಂದರೆ ಪ್ರಶ್ನೆಯಿಲ್ಲ. ಅರವತ್ತೊಂದನೆಯ ವಯಸ್ಸಿನಲ್ಲಿ ಅವನು ಮರಳುಗಾಡಿನ ಈ ಸೆಕೆಯನ್ನು ಹಿಡಿದುಕೊಂಡು ಕೂತದ್ದು ಆ ಒಂದು ಮಾತಿನ ಸುಖಕ್ಕೆ.

ಈ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ಉಗ್ಗಪ್ಪ. ಮೂಲ್ಕಿಯವನು, ದಹ್ರಾನಿನ ತೈಲ ಕಂಪನಿಯ ಕ್ಯಾಂಪಿನಲ್ಲಿ ಟೆಕ್ನಿಷಿಯನ್. ಪ್ರತಿ ಚಳಿಗಾಲ ಕರಾವಳಿಯವರ ಕೂಟಕ್ಕೆ ಕೋಳಿ ಸುಡುವ ಜವಾಬ್ದಾರಿ ಅವನದು. ಅವನ ಹನ್ನೊಂದು ವರ್ಷದ ಮಗಳು ಮೋನಿಷಾಳಿಗೆ ಉಬ್ಬಸ. ಊದುಬತ್ತಿಯ ಹೊಗೆಗೇ ಎದೆ ಕಟ್ಟುವ ಹುಡುಗಿ. ಆದರೂ ಅಪ್ಪನ ಒಲೆಯ ಪಕ್ಕದಲ್ಲೇ ಅವಳಿಗೆ ಕುರ್ಚಿ ಬೇಕು.

"ಕಾಕ, ನಿಮ್ಮ ಇದ್ದಿಲು ಅಂತ ನಾನು ಅವಳನ್ನು ಹತ್ತಿರ ಕೂರಿಸುದು. ಬೇರೆಯವರದ್ದಾದ್ರೆ ಅವಳಮ್ಮ ಮೋಹಿನಿ ನನ್ನನ್ನೇ ಒಲೆಗೆ ಹಾಕ್ತಾಳೆ," ಎನ್ನುತ್ತಿದ್ದ ಉಗ್ಗಪ್ಪ.

"ನಿನ್ನನ್ನು ಹಾಕಿದ್ರೆ ಹೊಗೆ ಜಾಸ್ತಿ ಮಾರಾಯ. ಹಸಿ ಸೌದೆ ನೀನು," ಎನ್ನುತ್ತಿದ್ದ ಅಲಿಯಬ್ಬ. ಇಬ್ಬರೂ ಇದೇ ಮಾತಿಗೆ ಎಂಟು ಚಳಿಗಾಲ ನಕ್ಕಿದ್ದರು.

ಕಾಗದ ಬಂತು. ನಗರದೊಳಗೆ ಇನ್ನು ಬಿಡಿ ಇದ್ದಿಲು, ಬಿಡಿ ಸೌದೆ ಮಾರುವಂತಿಲ್ಲ. ಮುಚ್ಚಿದ ಚೀಲ ಬೇಕು. ಚೀಲದ ಮೇಲೆ 'ಕಡಿಮೆ ಹೊಗೆಯ ಇಂಧನ' ಎಂಬ ಮುದ್ರೆ ಬೇಕು. ಮುದ್ರೆ ಬೇಕಾದರೆ ಒಳಗಿನ ತೇವ ಇಂತಿಷ್ಟಕ್ಕಿಂತ ಕಡಿಮೆ ಇರಬೇಕು. ಅಂಗಡಿಯ ಕಾಗದಪತ್ರ ನೋಡಿಕೊಳ್ಳುವ ನಿಯಾಝ್, ಅಲಿಯಬ್ಬನ ತಂಗಿಯ ಮಗ, ಇದನ್ನೆಲ್ಲ ಓದಿ ಹೇಳಿದ.

"ತೇವ ಮಾತ್ರವಾ? ಬೆಂದದ್ದರ ವಿಷಯ ಎಂತ ಉಂಟು ಅದರಲ್ಲಿ?" ಎಂದು ಅಲಿಯಬ್ಬ ಕೇಳಿದ.

"ಬೆಂದದ್ದರ ವಿಷಯ ಇಲ್ಲ ಮಾಮ."

"ಎಷ್ಟು ಒಣಗಿದ್ರೂ ಅರೆಬೆಂದದ್ದು ಹೊಗೆ ಕೊಡ್ತದಲ್ಲ?"

"ಅದು ನಿಮಗೆ ಗೊತ್ತುಂಟು. ಕಾಗದಕ್ಕೆ ಗೊತ್ತಿಲ್ಲ."

ಕಾಗದಕ್ಕೆ ಗೊತ್ತಿಲ್ಲದ್ದು ಅಬು ರಾಕಾನ್‌ಗೆ ಬಹಳ ಬೇಗ ಗೊತ್ತಾಯಿತು. ವಾರ ಕಳೆಯುವಷ್ಟರಲ್ಲಿ ಎಲ್ಲಿಂದಲೋ ಅಗ್ಗದ ಇದ್ದಿಲಿನ ಒಂದು ಇಡೀ ಕಂಟೇನರ್ ಬಂದು ಗೋದಾಮಿನ ಮುಂದೆ ನಿಂತಿತು. ಎಲುಬಿನಂತೆ ಒಣಗಿದ್ದ ಇದ್ದಿಲು. ಅಲಿಯಬ್ಬ ತಳದಿಂದ ಎರಡು ತೆಗೆದು ಬಡಿದ. ದಬ್. ಇನ್ನೊಂದು ಗೋಣಿ. ದಬ್. ಹನ್ನೊಂದನೆಯದರವರೆಗೂ ಬಡಿದು, ಒಂದನ್ನು ಮುರಿದು ನೋಡಿದ. ಹೊರಗೆ ಕಪ್ಪು, ಒಳಗೆ ಬೆಲ್ಲದ ಬಣ್ಣ.

"ಕಫೀಲ್, ಇದು ಇದ್ದಿಲಲ್ಲ. ಮಸಿ ಹಚ್ಚಿದ ಮರ," ಎಂದು ತನ್ನ ಅರಬಿಯಲ್ಲಿ ಹೇಳಿದ.

ವೀಸಾ ಕೊಟ್ಟ ಧಣಿ, ಕಫೀಲ್ ಅಬು ರಾಕಾನ್ ಕೆಟ್ಟವನಲ್ಲ. ಈದ್‌ಗೆ ಕುರಿಯ ತೊಡೆ ಕಳಿಸುವವನು. ಅಲಿಯಬ್ಬನ ಹೆಗಲ ಮೇಲೆ ಕೈಯಿಟ್ಟು, "ಯಾ ಅಲಿ, ನಿನ್ನ ಇಕಾಮಾ ರಜಬ್ ತಿಂಗಳಿಗೆ ಮುಗಿಯುತ್ತದಲ್ಲ?" ಎಂದು ಕೇಳಿದ. "ಹೌದು," ಎಂದ ಅಲಿಯಬ್ಬ. "ಇನ್‌ಶಾ ಅಲ್ಲಾ, ಮಾಡಿಸೋಣ," ಎಂದು ಅಬು ರಾಕಾನ್ ಕಾರು ಹತ್ತಿದ.

ತಪಾಸಣೆಗೆ ಬಂದವಳು ಅರ್ವಾ ಎಂಬ ಪಾಲಿಕೆಯ ಎಂಜಿನಿಯರು. ಅಬಾಯದ ಮೇಲೆ ಹಳದಿ ಜಾಕೆಟ್ಟು, ಕೈಯಲ್ಲಿ ಎರಡು ಸೂಜಿಯ ಒಂದು ಪುಟ್ಟ ಯಂತ್ರ. ಗೋಣಿಯಿಂದ ಗೋಣಿಗೆ ಹೋಗಿ ಚುಚ್ಚಿದಳು. ಯಂತ್ರ ಪ್ರತಿ ಸಲವೂ ಹಸಿರು ದೀಪ ತೋರಿಸಿ ಒಪ್ಪಿಗೆ ಕೊಟ್ಟಿತು. ನಿಯಾಝ್ ಆಗಲೇ ಸಹಿಯ ಜಾಗ ತೋರಿಸುತ್ತಿದ್ದ. ಅವಳು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

"ಈ ಯಂತ್ರ ನೀರಿನ ಸುದ್ದಿ ಮಾತ್ರ ಹೇಳುತ್ತದೆ," ಎಂದಳು ಅರಬಿಯಲ್ಲಿ. "ನನ್ನ ಅಜ್ಜ ಈ ಅಂಗಡಿಯ ಗಿರಾಕಿ. ಇಲ್ಲೊಬ್ಬ ಹಿಂದುಸ್ತಾನಿ ಹಾಜಿ ಇದ್ದಾನೆ, ಬಡಿದು ಹೇಳುತ್ತಾನೆ, ಅವನ ಮಾತು ತಪ್ಪುವುದಿಲ್ಲ ಎನ್ನುತ್ತಿದ್ದರು. ನೀವೇ ಏನು?"

"ನಾನೇ," ಎಂದ ಅಲಿಯಬ್ಬ. ಹಜ್ಜಿಗೆ ಅವನು ಇನ್ನೂ ಹೋಗಿರಲಿಲ್ಲ, ತಿದ್ದಲಿಲ್ಲ.

"ಬಡಿಯಿರಿ ಯಾ ಹಾಜಿ. ನೀವು ಒಳ್ಳೆಯದೆಂದರೆ ನಾನು ಸಹಿ ಹಾಕುತ್ತೇನೆ."

ಅಬು ರಾಕಾನ್ ಜಪಮಣಿಯ ಒಂದೊಂದೇ ಮಣಿ ಸರಿಸುತ್ತ ಗೋದಾಮಿನ ಮಾಡು ನೋಡಿದ. ಇಡೀ ಸೌದಿ ಅರೇಬಿಯಾದಲ್ಲಿ ಒಂದು ಸರ್ಕಾರಿ ಕಚೇರಿ ಅಲಿಯಬ್ಬನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಇಪ್ಪತ್ತೆರಡು ವರ್ಷ ಅವನು ಕಾದಿದ್ದ ಪ್ರಶ್ನೆ, ಬೇಡದ ದಿನ ಬಂದು ನಿಂತಿತ್ತು.

ಅವನು ಗೋಣಿಯ ಬಾಯಿ ಬಿಚ್ಚಿದ. ಎಂತಹ ಕಳಪೆ ಸರಕಿನಲ್ಲೂ ಭಟ್ಟಿಯ ನಡುವಿನ ನಾಲ್ಕು ತುಂಡು ಚೆನ್ನಾಗಿ ಬೆಂದಿರುತ್ತವೆ. ಅವು ಹಗುರ. ಬೇರೆಯವರಿಗೆ ಸಿಗಲಾರವು, ಅಲಿಯಬ್ಬನ ಬೆರಳಿಗೆ ಸಿಗುತ್ತವೆ. ಅವನ ಕೈ ತಳಕ್ಕೆ ಹೋಗಲಿಲ್ಲ. ಮೇಲೆಯೇ ಎರಡು ಸಲ ಆಡಿ, ಒಂದನ್ನು ಎತ್ತಿತು, ಬಿಟ್ಟಿತು, ಇನ್ನೊಂದನ್ನು ಎತ್ತಿತು. ಎರಡು ತುಂಡು ಹಿಡಿದು ಅವಳ ಬಲಗಿವಿಯಿಂದ ಮರ್ಯಾದೆಯ ದೂರದಲ್ಲಿ ಬಡಿದ.

ಠಣ್.

ಅರ್ವಾಳ ಮುಖ ಅರಳಿತು. "ನನಗೂ ಕೇಳಿಸಿತು!" ಎಂದಳು, ಶಾಲೆಯ ಹುಡುಗಿಯ ಹಾಗೆ. ಸಹಿ ಹಾಕಿದಳು. ಅವನು ಸುಳ್ಳು ಹೇಳಿರಲಿಲ್ಲ. ಒಂದು ಮಾತನ್ನೂ ಆಡಿರಲಿಲ್ಲ. ಇದ್ದಿಲೂ ಸತ್ಯವನ್ನೇ ನುಡಿದಿತ್ತು.

ಅವಳ ಕಾರು ಹೋದ ಮೇಲೆ ನಿಯಾಝ್ ಹತ್ತಿರ ಬಂದ. "ಮಾಮ, ಆ ಎರಡು ತುಂಡು ನಿಮಗೆ ಎಲ್ಲಿಂದ ಸಿಕ್ತು?"

"ಕೈಗೆ ಸಿಕ್ತು."

"ಕೈಯಾ ಅದು, ಅಯಸ್ಕಾಂತವಾ!" ಎಂದು ನಿಯಾಝ್ ಮೆಚ್ಚಿಕೊಂಡ. ಆ ಕೈಗೆ ಇಪ್ಪತ್ತೆರಡು ವರ್ಷಗಳಲ್ಲಿ ಅಂಗಡಿಯವರಿಂದ ಸಿಕ್ಕಿದ ಮೊದಲ ಮೆಚ್ಚುಗೆ ಅದು.

ಅಬು ರಾಕಾನ್‌ಗೆ ಇನ್ನೂ ದೊಡ್ಡ ಯೋಚನೆ ಹೊಳೆಯಿತು. ಹೊಸ ಚೀಲದ ಮೇಲೆ ಪಾಲಿಕೆಯ ಹಸಿರು ಮುದ್ರೆ, ಅದರ ಕೆಳಗೆ ಎರಡು ಇದ್ದಿಲು ಬಡಿಯುತ್ತಿರುವ ಒಂದು ಕೈಯ ಚಿತ್ರ, 'ಕಿವಿಯಿಂದ ಪರೀಕ್ಷಿಸಿದ್ದು' ಎಂಬ ಬರಹ. ಫೋಟೋ ತೆಗೆಯುವವನು ಬಂದ ದಿನ ಅಲಿಯಬ್ಬ ಮೂರು ಸಲ ಸೋಪು ಹಾಕಿ ಕೈ ತೊಳೆದ. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಫೋಟೋದವನು ತಲೆಯಾಡಿಸಿದ. ಕೊನೆಗೆ ಕಂಪ್ಯೂಟರಿನ ಮುಂದೆ ಕೂತು ಬೆಳ್ಳಗಾಗಿದ್ದ ನಿಯಾಝ್‌ನ ಕೈಗೆ ಎರಡು ತುಂಡು ಕೊಟ್ಟರು. ರಜಬ್‌ಗೆ ಮೊದಲೇ ಇಕಾಮಾ ಹೊಸದಾಯಿತು.

ಡಿಸೆಂಬರಿನ ಒಂದು ಶುಕ್ರವಾರ ಸಂಜೆಯ ಅಸರ್ ನಮಾಝ್ ಕಳೆದು ಉಗ್ಗಪ್ಪ ಬಂದ. ಮೊದಲು ಖರ್ಜೂರ ಕೊಂಡು, ಆಮೇಲೆ ಇದ್ದಿಲು. ಅದು ಅವನ ಕ್ರಮ. ಕಾರಿನಿಂದ ಇಳಿಯುವ ಮೊದಲೇ ಜೋಡಿಸಿಟ್ಟ ಚೀಲಗಳನ್ನು ಕಂಡು ಕೂಗಿದ. "ಏನು ಕಾಕ! ನೀವು ಕಂಪನಿ ಆದ್ರಲ್ಲ! ನಿಮ್ಮ ಕೈಯನ್ನು ದೇಶಕ್ಕೆಲ್ಲ ಹಂಚಿದ್ದಾರೆ!"

ಅಲಿಯಬ್ಬ ನಗಲಿಲ್ಲ. ನಿಯಾಝ್ ಒಳಗೆ ಫೋನಿನಲ್ಲಿ ಇರುವುದನ್ನು ನೋಡಿಕೊಂಡು, "ನೀನು ಅದು ತೆಗೆದುಕೊಳ್ಳಬೇಡ. ಹಿಂದೆ ಬಾ," ಎಂದ.

ಗೋದಾಮಿನ ಹಿಂದೆ, ಚಾ ಕಾಯಿಸಲಿಕ್ಕೆಂದು ಅವನು ಅಡಗಿಸಿಟ್ಟ ಹಳೆಯ ಇಂಡೋನೇಷ್ಯಾ ಇದ್ದಿಲಿನ ಒಂದು ಗೋಣಿ ಇತ್ತು. ಭುಜದವರೆಗೆ ತೋಳು ತೂರಿಸಿದ. ತಳದಿಂದ ಎರಡು ತೆಗೆದು ಉಗ್ಗಪ್ಪನ ಕಿವಿಗೆ ಹಿಡಿದು ಬಡಿದ. ಠಣ್.

"ಇದು ಕೊಂಡುಹೋಗು. ದುಡ್ಡು ಬೇಡ."

ಉಗ್ಗಪ್ಪ ಗೋಣಿಯ ಸುತ್ತ ಒಂದು ಸುತ್ತು ಬಂದ. "ಇದರ ಮೇಲೆ ಸ್ಟಾಂಪ್ ಎಲ್ಲುಂಟು?"

"ಸ್ಟಾಂಪಿಲ್ಲ. ಬಿಡಿ ಮಾಲು."

"ಅಯ್ಯೋ ಬೇಡ ಮಾರಾಯ್ರೆ! ಕ್ಯಾಂಪಿನ ಗೇಟಲ್ಲಿ ಈಗ ಚೀಲ ನೋಡ್ತಾರೆ. ಸ್ಟಾಂಪಿಲ್ಲದ್ದು ಒಳಗೆ ಬಿಡುದಿಲ್ಲ. ನನ್ನ ಹೆಸರು ಬರೆದುಕೊಂಡ್ರೆ ಕತೆ ಮುಗೀತು."

"ಆ ಚೀಲದ್ದು ಹೊಗೆ ಬರಬಹುದು ಉಗ್ಗಪ್ಪ."

"ಎಂತ ಕಾಕ ನೀವು, ತಮಾಷೆ ಮಾಡ್ತೀರಾ? ಹೊಗೆ ಬರುದಿಲ್ಲ ಅಂತ ಸರಕಾರವೇ ಬರೆದುಕೊಟ್ಟಿದೆ."

"ಬಡಿದು ತೋರಿಸ್ತೇನೆ, ಚೀಲ ಬಿಚ್ಚುವ."

"ಬಿಚ್ಚಿದ್ರೆ ಗೇಟಲ್ಲಿ ನಡೆಯುದಿಲ್ಲ. ಸೀಲು ಇರಬೇಕು." ಉಗ್ಗಪ್ಪ ನಗುತ್ತ ಚೀಲವನ್ನು ಎತ್ತಿ ಹೆಗಲಿಗಿಟ್ಟ. "ನಿಮ್ಮ ಕೈ ಉಂಟಲ್ಲ ಇದರ ಮೇಲೆ. ಸಾಕು."

ಇದು ಅರೆಬೆಂದದ್ದು, ತಳದವರೆಗೂ ದಬ್, ಆ ದಿನ ಕೈ ಆಡಿಸಿದ್ದು ನಾನು. ಇಷ್ಟೇ ಹೇಳಬೇಕಾಗಿದ್ದದ್ದು. ಬಾಗಿಲಲ್ಲಿ ನಿಯಾಝ್ ಬಂದು ನಿಂತಿದ್ದ. ಅಲಿಯಬ್ಬ, "ಹುಡುಗಿಯನ್ನು ಸ್ವಲ್ಪ ದೂರ ಕೂರಿಸು," ಎಂದ. ಉಗ್ಗಪ್ಪ ಕಾರಿನ ಡಿಕ್ಕಿ ಮುಚ್ಚುತ್ತಿದ್ದ. ಆ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ.

ಭಾನುವಾರ ಬೆಳಿಗ್ಗೆ ಅಲಿಯಬ್ಬನೇ ಫೋನು ಮಾಡಿದ.

"ಕೂಟ ಹೇಗಾಯ್ತು?"

"ಕೂಟ ಒಳ್ಳೇದಾಯ್ತು ಕಾಕ. ಆದ್ರೆ ಮೋನಿಷಾಳದ್ದು ಸ್ವಲ್ಪ ಗಡಿಬಿಡಿ. ಒಲೆಯ ಹತ್ತಿರವೇ ಇದ್ದಳಲ್ಲ, ಉಸಿರು ಕಟ್ಟಿ ತುಟಿಯೆಲ್ಲ ನೀಲಿಯಾಯ್ತು. ಆಸ್ಪತ್ರೆಗೆ ಸೇರಿಸಿದ್ದು. ಈಗ ಆಕ್ಸಿಜನ್ ತೆಗೆದಿದ್ದಾರೆ, ಗಂಜಿ ಕುಡಿದಳು. ಮೋಹಿನಿ ಮಾತ್ರ ನನ್ನತ್ರ ಮಾತಾಡುದಿಲ್ಲ."

ಅಲಿಯಬ್ಬ ಗೋಡೆಗೆ ಒರಗಿ ನಿಂತ. ಎದುರಿಗೆ ಚೀಲಗಳ ಸಾಲಿತ್ತು.

"ಹೊಗೆ ಬಂತಾ?"

"ಬಂತು ಮಾರಾಯ್ರೆ, ಎಂತ ಹೊಗೆ! ನಮ್ಮ ಕೂಟದ ಆ ದೀಕ್ಷಿತ್ ಕೋಳಿಗೆ ಎಣ್ಣೆ ಸುರಿದದ್ದು, ಅವನಿಗೆ ಬುದ್ಧಿ ಇಲ್ಲ. ಗಾಳಿ ಬೇರೆ ನಮ್ಮ ಕಡೆಗೇ."

"ಎಣ್ಣೆಯದ್ದಲ್ಲ ಉಗ್ಗಪ್ಪ. ಇದ್ದಿಲಿನದ್ದು. ಅದು ಅರೆಬೆಂದದ್ದು. ನನಗೆ ಗೊತ್ತಿತ್ತು. ನಾನೇ ಪಾಸು ಮಾಡಿಸಿದ್ದು. ಮೇಲಿನಿಂದ ಎರಡು ಒಳ್ಳೇದು ಹೆಕ್ಕಿ ಬಡಿದೆ."

ಆ ಕಡೆ ಆಸ್ಪತ್ರೆಯ ಯಾವುದೋ ಯಂತ್ರ ಪೀಂ ಪೀಂ ಎನ್ನುತ್ತಿತ್ತು. ಅಲಿಯಬ್ಬ ಬೈಗುಳಕ್ಕೆ ಕಾದ. ತನಗೆ ಇನ್ನು ಬೇಕಾದದ್ದು ಅದೊಂದೇ ಎಂದು ಅವನಿಗೆ ಅನಿಸಿತು.

"ಕಾಕ," ಎಂದ ಉಗ್ಗಪ್ಪ, ಧ್ವನಿ ತಗ್ಗಿಸಿ, "ನೀವು ಹೀಗೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನನ್ನ ಮಗಳಿಗೆ ಹೀಗಾಯ್ತು ಅಂತ ಇಲ್ಲದ್ದೆಲ್ಲ ತಲೆಮೇಲೆ ಹೊತ್ತುಕೊಳ್ತೀರಿ. ವಯಸ್ಸಾಯ್ತು ನಿಮಗೆ. ಲ್ಯಾಬಲ್ಲಿ ಪಾಸಾದ ಮಾಲು ಅದು, ಸರಕಾರದ ಮುದ್ರೆ ಇದ್ದದ್ದು. ನಿಮಗೆ ಎಂತ ಮಾಡ್ಲಿಕ್ಕೆ ಆಗ್ತದೆ ಅದರಲ್ಲಿ?"

"ನಾನು ಹೇಳ್ತಾ ಇದ್ದೇನಲ್ಲ, ನನ್ನ ಕಿವಿಯಲ್ಲಿ ಕೇಳಿದ್ದು..."

"ಕಿವಿಯೂ ಮೊದಲಿನ ಹಾಗೆ ಇರ್ತದಾ ಕಾಕ? ಬಿಡಿ. ಈಗ ಕೇಳಿ, ಹೊಸ ವರ್ಷಕ್ಕೆ ರಾಬಿಗ್‌ನಿಂದ ನಮ್ಮವರು ಬರ್ತಾರೆ. ಎರಡು ಚೀಲ ತೆಗೆದಿಡಿ. ಆ ಕೈಯ ಚಿತ್ರ ಇರುವುದೇ ಆಗಬೇಕು, ಆಯ್ತಾ? ಬೇರೆ ಯಾವುದನ್ನೂ ನಂಬ್ಲಿಕ್ಕೆ ಆಗುದಿಲ್ಲ."

ಫೋನು ಇಟ್ಟ ಮೇಲೆ ಅಲಿಯಬ್ಬ ಎರಡು ಚೀಲ ಎತ್ತಿ ಪಕ್ಕಕ್ಕಿಟ್ಟು, ಮೇಲೆ ಸೀಮೆಸುಣ್ಣದಲ್ಲಿ ಉಗ್ಗಪ್ಪನ ಹೆಸರು ಬರೆಯಲು ಕುಳಿತ. ಬರೆಯಲು ಜಾಗವಿದ್ದದ್ದು ಚಿತ್ರದ ಪಕ್ಕದಲ್ಲಿ ಮಾತ್ರ. ಆ ಕೈಯನ್ನು ಅವನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅದರ ಉಗುರುಗಳು ಬಹಳ ಸ್ವಚ್ಛವಾಗಿದ್ದವು.