ಕೊನೆಯ ಹದಿನಾರು ಪುಟ

ಕೊಪ್ಪಳದಲ್ಲಿ ಯಾರಿಗೆ ಯಾವ ಕಾದಂಬರಿ ಹಿಡಿಸುತ್ತದೆ ಎಂಬುದು ಹಜರತಬೀಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ಕನ್ನಡ ಓದಲು ಮಾತ್ರ ಬರುತ್ತಿರಲಿಲ್ಲ.

ಅವಳ ಗಂಡ ಯಮನೂರಸಾಬನದು ಬೈಂಡಿಂಗ್ ಕೆಲಸ. ಕೋಟೆಯ ಕೆಳಗಿನ ಓಣಿಯಲ್ಲಿ ಮನೆ, ಮನೆಯ ಪಡಸಾಲೆಯೇ ಅಂಗಡಿ. ಅವನು ಅಂಚು ಕತ್ತರಿಸಿ ರಟ್ಟು ಕಟ್ಟಿದರೆ, ಹಾಳೆ ಜೋಡಿಸಿ ಹೊಲಿಯುವವಳು ಇವಳು. ಉರ್ದು ಅಕ್ಷರ ಬಲ್ಲವಳು. ಕನ್ನಡದಲ್ಲಿ ಪುಟ ಹೊಂದಿಸಲು ಬೇಕಾದಷ್ಟು ಅಂಕಿಗಳನ್ನು ಕಲಿತಿದ್ದಳು, ಅಷ್ಟೆ. ರಟ್ಟು ಮಾಡಲು ಗದಗಿನಿಂದ ರದ್ದಿ ಕಾಗದದ ಮೂಟೆಗಳು ರೈಲಿನಲ್ಲಿ ಬರುತ್ತಿದ್ದವು. ಆ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಒಣಗಿಸಿದರೆ ರಟ್ಟು.

ಒಂದು ಸಲ ಮೂಟೆ ಬಿಚ್ಚಿದಾಗ ಅದರ ತುಂಬ ಹರಿದ ಕಾದಂಬರಿಗಳು. ಯಮನೂರಸಾಬ ಅಂಟಿನ ಗಡಿಗೆ ಎಳೆದುಕೊಂಡು ಕೆಲಸ ಶುರು ಮಾಡಿಯೇಬಿಟ್ಟಿದ್ದ. ಅದೇ ಹೊತ್ತಿಗೆ ಪಾರಮ್ಮ ತನ್ನ ಅಪ್ಪನ ಕಾಲದ ಒಂದು ಪುರಾಣದ ಪುಸ್ತಕವನ್ನು ಕಟ್ಟಿಸಲು ಬಂದಳು. ಪಾರಮ್ಮ ಯಲಬುರ್ಗಿಯ ಸಾಲಿ ಮಾಸ್ತರನ ಮಗಳು. ಹತ್ತೊಂಬತ್ತಕ್ಕೆ ಗಂಡ ತೀರಿಕೊಂಡ ಮೇಲೆ ಕೊಪ್ಪಳದಲ್ಲಿ ಅಣ್ಣ ಹನುಮಣ್ಣನ ಮನೆಯಲ್ಲಿದ್ದು, ಕೈಮಷೀನಿನ ಮೇಲೆ ಕುಪ್ಪಸ ಹೊಲಿಯುತ್ತಿದ್ದಳು. ಈಗವಳಿಗೆ ಇಪ್ಪತ್ತಾರು. ರಾಶಿಯೊಳಗಿಂದ ಒಂದು ಹಾಳೆ ಎತ್ತಿ ನೋಡಿದಳು, ಇನ್ನೊಂದು ಎತ್ತಿದಳು, ಅಲ್ಲೇ ಕಂಬಕ್ಕೆ ಒರಗಿ ಕೂತಳು. ಮಧ್ಯಾಹ್ನವಾದರೂ ಏಳಲಿಲ್ಲ. ಅವಳ ಮುಖ ನೋಡುತ್ತಿದ್ದ ಹಜರತಬೀ ಎದ್ದು ಬಂದು ಗಂಡನ ಮುಂದಿನ ಅಂಟಿನ ಗಡಿಗೆಯನ್ನು ಎತ್ತಿಟ್ಟಳು.

"ಇವನ್ನ ಅಂಟಸಬ್ಯಾಡ್ರಿ. ಇವು ಇನ್ನೂ ಜೀವಂತ ಅದಾವ."

ಉಳಿದವು ಅರವತ್ತೆರಡು. ಅವನ್ನೆಲ್ಲ ಹೊಲಿದು, ಕಟ್ಟಿ, ಗೋಡೆಯ ಗೂಡಿನಲ್ಲಿ ಜೋಡಿಸಿದಳು. ಯಾರು ಬೇಕಾದರೂ ಒಯ್ಯಬಹುದು, ಬಾಡಿಗೆ ಇಲ್ಲ. ಕರಾರು ಒಂದೇ: ತಿರುಗಿ ಕೊಡುವಾಗ ಕೂತು ಕತೆ ಪೂರಾ ಹೇಳಬೇಕು.

ಹೀಗೆ ಕೇಳಿ ಕೇಳಿ ಅವಳಿಗೆ ಪುಸ್ತಕಗಳೂ ತಿಳಿದವು, ಓದುವವರೂ ತಿಳಿದರು. ಕೋಟೆ, ಕುದುರೆ, ಕತ್ತಿಗಳ ನಡುವೆ ಪ್ರೀತಿ ಹುಟ್ಟುವ ಪುಸ್ತಕಕ್ಕೆ ಕೆಂಪು ಅರಿವೆಯ ಬೆನ್ನು ಹಚ್ಚಿದಳು. ಧಾರವಾಡದ ಕಡೆಯ ಮನೆಗಳಲ್ಲಿ ಚಹಾ ಕುಡಿಯುತ್ತ, ಅತ್ತೆಗೆ ಅಂಜುತ್ತ ಪ್ರೀತಿಸುವವರದು ಹಸಿರು. ಕೊನೆಗೆ ಯಾರಾದರೂ ಸಾಯುವಂಥದ್ದು ನೀಲಿ. ಕಳವು, ಕೊಲೆ, ಪತ್ತೇದಾರ, ಅದರೊಳಗೊಂದು ಪ್ರೀತಿ ಇದ್ದರೆ ಕಪ್ಪು. ಬಂದವರ ಮುಖ ನೋಡಿ, ಎರಡು ಮಾತಾಡಿಸಿ, ಗೂಡಿಗೆ ಕೈ ಹಾಕುತ್ತಿದ್ದಳು. "ನಿನಗ ಇನ್ನೆರಡು ತಿಂಗಳು ನೀಲಿ ಬ್ಯಾಡ. ಕೆಂಪು ಓದು, ಮೈಯಾಗ ಬಿಸಿ ಬರತೈತಿ" ಎಂದರೆ ಎದುರು ಮಾತಿಲ್ಲ. ಆಕೆ ಕೊಟ್ಟ ಪುಸ್ತಕವನ್ನು ಓದದೆ ತಂದವರು ಕಡಿಮೆ.

ಆ ಹಸಿರು ಬೆನ್ನಿನವುಗಳಲ್ಲಿ ಒಂದು, ದೂರದ ಇರಾಕಿನ ಬಸರಾ ಎಂಬ ಊರಿನ ಕತೆ. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಕಾರಕೂನನಾಗಿ ಬಸರಾಕ್ಕೆ ಹೋದವನಿಗಾಗಿ ಊರಲ್ಲೊಬ್ಬಳು ಕಾಯುತ್ತಾಳೆ. ಮೊದಲು ಅದನ್ನು ಓದಿದವಳು ಪಾರಮ್ಮ. "ಕಡೀಕ ಬಾಗಿಲು ಬಡದ ಸಪ್ಪಳ ಆತು, ಚಿಗವ್ವಾ. ಅಕಿ ತಗದ್ಲು. ಅವನ ಬಂದಿದ್ದ. ಒಳಗ ಬಂದು ಕುಂತು ನೀರು ಕೇಳಿದ. ಚರಿಗಿ ಕೊಡುವಾಗ ಅವನ ಕೈಯಾಗಿಂದ ಔಷಧದ ವಾಸನಿ ಬಂತು," ಎಂದು ಕತೆ ಮುಗಿಸಿದ್ದಳು. ಸುಖವಾಗಿ ಮುಗಿಯುತ್ತದೆ ಎಂದುಕೊಂಡು ಹಜರತಬೀ ಹಸಿರು ಹಚ್ಚಿದಳು.

ಆಮೇಲೆ ಓದಿದವನು ಸರಕಾರಿ ದವಾಖಾನೆಯ ಕಂಪೌಂಡರ್ ಗ್ಯಾನಪ್ಪ. ಮೂವತ್ತೆರಡಾದರೂ ಮದುವೆಯಿಲ್ಲ, ಮಾತು ಕಡಿಮೆ. ಅವನ ಕತೆಯಲ್ಲಿ, ಬಂದವನು ಬಾಗಿಲು ಬಡಿದ. ಒಳಗೆ ಹೊಲಿಗೆ ಮಷೀನು ನಿಂತ ಸಪ್ಪಳ ಕೇಳಿ ಧೈರ್ಯ ಸಾಲದೆ ಹಿಂದಕ್ಕೆ ತಿರುಗಿದ. ಔಷಧದ ಬಾಟಲಿಗಳ ನಡುವೆ ಓದಿದವನು ಏನೋ ತಪ್ಪು ತಿಳಿದಿದ್ದಾನೆ ಎಂದುಕೊಂಡಳು ಹಜರತಬೀ. ಮೂರನೆಯದಾಗಿ ಓದಿದ ಅದೇ ಓಣಿಯ ಫಾತಿಮಾಬೀ, ಬಾಗಿಲಲ್ಲಿದ್ದದ್ದು ಸಾವಿನ ತಂತಿಸುದ್ದಿ ತಂದ ಅಂಚೆಯವನು ಎಂದು ಹೇಳಿ ಅತ್ತಳು. ಫಾತಿಮಾಬೀ ಎಲ್ಲ ಪುಸ್ತಕದಲ್ಲೂ ಒಬ್ಬರನ್ನು ಸಾಯಿಸಿಯೇ ಏಳುವವಳು. ಹಜರತಬೀ ಅದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ಬೇಸಿಗೆಯಲ್ಲಿ ಸ್ಟೇಷನ್ನಿಗೆ ಹೊಸ ಬುಕಿಂಗ್ ಕ್ಲಾರ್ಕ್ ಬಂದ. ಅವನ ಹೆಂಡತಿ ಶೇಖರಮ್ಮ ಗದಗಿನವಳು, ಏಳನೆಯ ಇಯತ್ತೆ ಮುಗಿಸಿದವಳು. ತವರು ಬಿಟ್ಟು ಬಂದು ಮಂಕಾಗಿದ್ದ ಅವಳ ಕೈಗೆ ಹಜರತಬೀ ಬಸರಾದ ಪುಸ್ತಕವನ್ನು ಕೊಟ್ಟಳು. "ಇದು ಛಲೋ ಮುಗೀತೈತಿ. ಧೈರ್ಯದಿಂದ ಓದ್ರಿ."

ಮೂರನೆಯ ದಿನವೇ ಶೇಖರಮ್ಮ ಪುಸ್ತಕ ಹಿಡಿದು ಬಂದಳು.

"ಛಲೋ ಮುಗೀತೈತಿ ಅಂದಿದ್ರಿ. ಇದು ಮುಗಿಯೋದ ಇಲ್ಲಲ್ರಿ."

"ಅಂದ್ರ?"

"ಎರಡುನೂರಾ ಎಂಟನೇ ಪುಟದಾಗ 'ಬಾಗಿಲು ಬಡಿದ ಸಪ್ಪಳವಾಯಿತು. ಅವಳು ಎದ್ದು' ಅಂತ ಐತಿ. ಆಮ್ಯಾಲ ನಿಮ್ಮ ರಟ್ಟು."

ಹಜರತಬೀ ಪುಸ್ತಕವನ್ನು ತಿರುವಿ ನೋಡಿದಳು. ಅಂಕಿಗಳು ಸರಿಯಾಗಿದ್ದವು, ಕೊನೆಯ ಪುಟವೂ ತುಂಬಿತ್ತು. ತುಂಬಿದ ಪುಟದ ಮಾತು ಅರ್ಧಕ್ಕೆ ನಿಂತಿದೆಯೆಂದು ಓದಲು ಬಾರದವಳಿಗೆ ಹೇಗೆ ತಿಳಿಯಬೇಕು?

ಯಮನೂರಸಾಬ ತಲೆ ಎತ್ತದೆ ಹೇಳಿದ. "ಹದಿನಾರು ಪುಟದ ಒಂದು ಮಡಿಕಿ ಹೋಗೇತಿ. ಅವತ್ತು ನೀ ಗಡಗಿ ಎತ್ತಿಡೂದರೊಳಗ ನಾ ಒಂದಿಷ್ಟು ಅಂಟಿಸಿದ್ನೆಲ್ಲ."

"ಯಾವ ರಟ್ಟಿನಾಗ?"

"ಯಾರಿಗೊತ್ತು. ಯಾವುದಾರ ಲೆಕ್ಕದ ದಫ್ತರದ ರಟ್ಟಿನ ಹೊಟ್ಟಿಯಾಗ ಇರಬೇಕು."

ಶೇಖರಮ್ಮ ಒಳ್ಳೆಯ ಹೆಣ್ಣು. ತವರಿಗೆ ಕಾಗದ ಬರೆದು, ಅಲ್ಲಿ ಯಾರ ಹತ್ತಿರವಾದರೂ ಇದೇ ಪುಸ್ತಕವಿದ್ದರೆ ಕೊನೆಯ ಪುಟಗಳನ್ನು ಬರೆಯಿಸಿ ತರಿಸುತ್ತೇನೆ ಎಂದು ಹೋದಳು. ಹಜರತಬೀ ಮಾತ್ರ ಸೂಜಿ ಹಿಡಿದು ಹೊಲಿಯದೆ ಕೂತುಬಿಟ್ಟಳು. ಇಲ್ಲದ ಕೊನೆಯನ್ನು ಮೂವರೂ ಎದುರು ಕೂತು ಹೇಳಿ ಹೋಗಿದ್ದರು. ಓದು ಬಾರದವಳೆಂದು ಊರೆಲ್ಲ ಸೇರಿ ಆಟ ಹೂಡಿತೇ? ಆ ಸಂಜೆ ಪುಸ್ತಕ ಕೇಳಲು ಬಂದ ಇಬ್ಬರನ್ನು ಹಾಗೇ ಕಳಿಸಿದಳು. ಆದರೆ ಸಿಟ್ಟು ಇಟ್ಟುಕೊಂಡು ಕೂರುವ ಸ್ವಭಾವ ಅವಳದಲ್ಲ. ಬೆಳಗಾದೊಡನೆ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಪಾರಮ್ಮನ ಮನೆಗೆ ಹೋದಳು.

ಪಾರಮ್ಮ ಕುಪ್ಪಸ ಹೊಲಿಯುತ್ತಿದ್ದಳು.

"ಪಾರೂ, ಬಾಗಿಲಾಗ ನಿಂತಾವ ಯಾರು?"

"ಅವನ, ಚಿಗವ್ವಾ. ಹೇಳಿದ್ನೆಲ್ಲ."

"ಪುಸ್ತಕದಾಗ ಹಂಗಿಲ್ಲ. ಪುಸ್ತಕದಾಗ ಏನೂ ಇಲ್ಲ."

ಮಷೀನಿನ ಗಾಲಿ ನಿಂತಿತು. ಪಾರಮ್ಮ ಅರಿವೆಯ ಮಡಿಕೆಯನ್ನು ಉಗುರಿನಿಂದ ತೀಡಿದಳು.

"ನೀ ಪೂರಾ ಕತಿ ಕೇಳತಿದ್ದಿ. ಅಕಿ ಎದ್ದು ನಿಂತಾಳ, ಬಾಗಿಲು ಹಾಕೇತಿ. ಹಂಗ ನಿಲ್ಲಿಸಿ ಬರಾಕ ನನ್ನ ಕೈಲೆ ಆಗಲಿಲ್ಲ. ತಪ್ಪಾತು."

ಆ ಮಾತಿನಲ್ಲಿ ಆಟವಿರಲಿಲ್ಲ. ಹಜರತಬೀ ಅವಳ ಮಗ್ಗುಲಲ್ಲಿ ಕೂತಳು. ಕೂತಾಗ ಮಷೀನು ಕಣ್ಣಿಗೆ ಬಿತ್ತು, ತಟ್ಟನೆ ಗ್ಯಾನಪ್ಪನ ಕತೆ ನೆನಪಾಯಿತು. ಬಸರಾದ ಪುಸ್ತಕದಲ್ಲಿ ಎಲ್ಲಿಯೂ ಹೊಲಿಗೆ ಮಷೀನು ಬರುವುದಿಲ್ಲ.

"ಅವನ ಕೈಗೆ ಔಷಧದ ವಾಸನಿ ಇತ್ತು ಅಂದಿದ್ದಿ. ದಫ್ತರ ಬರಿಯೋ ಕಾರಕೂನನ ಕೈಗೆ ಔಷಧದ ವಾಸನಿ ಎಲ್ಲಿಂದ ಬರಬೇಕು?"

ಪಾರಮ್ಮ ಕಿವಿಯ ತನಕ ಕೆಂಪೇರಿದಳು. ಹಿಂದಿನ ವರ್ಷ ಹನುಮಣ್ಣನ ಕಾಲಿನ ಮೇಲೆ ಬಂಡಿ ಹರಿದಾಗ, ಎರಡು ತಿಂಗಳು ದಿನಾ ಬಂದು ಪಟ್ಟಿ ಕಟ್ಟಿದವನು ಗ್ಯಾನಪ್ಪನೇ. ಕಟ್ಟಿದ ಮೇಲೆ ನೀರು ಕೇಳಿ ಕುಡಿದು ಹೋಗುತ್ತಿದ್ದ.

ಹಜರತಬೀ ಅಲ್ಲಿಂದ ನೆಟ್ಟಗೆ ದವಾಖಾನೆಗೆ ನಡೆದಳು. ಗ್ಯಾನಪ್ಪ ಬಾಟಲಿಗೆ ಚೀಟಿ ಅಂಟಿಸುತ್ತಿದ್ದ.

"ಗ್ಯಾನಪ್ಪಾ, ಬಸರಾದ ಪುಸ್ತಕಕ್ಕ ಕೊನಿ ಇಲ್ಲಂತ. ನೀ ಹೇಳಿದ್ದು ಎಲ್ಲಿಂದ ಬಂತು?"

ಅವನ ಕೈಯಲ್ಲಿದ್ದ ಚೀಟಿ ಬೆರಳಿಗೇ ಅಂಟಿತು. "ಬೀಬಿಯವರ, ಅರ್ಧಾ ಹೇಳಿದ್ರ ಇನ್ನೊಂದು ಪುಸ್ತಕ ಕೊಡಂಗಿಲ್ಲ ಅಂದ್ಕೊಂಡು..."

"ಅದಿರಲಿ. ಮಷೀನು ಯಾರ ಮನಿದು?"

ಗ್ಯಾನಪ್ಪ ಬಾಗಿಲ ಕಡೆ ನೋಡಿದ. ರೋಗಿಗಳು ಯಾರೂ ಇರಲಿಲ್ಲ. "ಮೂರು ಸಲ ಆ ಬಾಗಿಲಿಗೆ ಹೋಗೀನ್ರಿ," ಎಂದ. "ಕಾಲು ವಾಸಿ ಆಗೇತಿ, ಈಗ ಏನಂತ ಒಳಗ ಹೋಗಲಿ?"

"ನಿಮ್ಮ ಕುಲದಾಗ ಗಂಡ ಸತ್ತಾಕಿಗೆ ಸೀರುಡಿಕಿ ಮಾಡಿ ಮತ್ತ ಮದುವಿ ಮಾಡೋದು ಐತಿಲ್ಲೋ?"

"ಐತ್ರಿ. ನಮ್ಮ ಅತ್ತಿದು ಹಂಗ ಆಗೇತಿ."

"ಮತ್ತ ಹನುಮಣ್ಣನ ಹತ್ರ ಹೋಗಿ ಅದನ್ನ ಕೇಳು. ಅಕಿ ಕತಿಯಾಗ ಬಂದಾವ ಹಿಂದಕ್ಕ ತಿರುಗಿಲ್ಲ. ಒಳಗ ಕುಂತು ನೀರು ಕುಡದಾನ. ನಾ ಅಷ್ಟ ಹೇಳಾಕ ಬಂದಿದ್ದೆ."

ಗ್ಯಾನಪ್ಪ ಹೋಗಲು ಇನ್ನೂ ನಾಲ್ಕು ದಿನ ತೆಗೆದುಕೊಂಡ. ಹನುಮಣ್ಣ ಸ್ಟೇಷನ್ನಿಗೆ ಬಂಡಿ ಹೊಡೆಯುವವನು, ಒರಟು ಮಾತಿನವನು. ಕೇಳಿ ಮುಗಿಯುವವರೆಗೆ ಎತ್ತಿನ ಮೈ ತಿಕ್ಕುವುದನ್ನು ಬಿಡಲಿಲ್ಲ. ಆಮೇಲೆ ತಂಗಿಯನ್ನು ಹೊರಗೆ ಕರೆದು, ನಿನಗೆ ಮನಸ್ಸಿದೆಯೇ ಎಂದು ಒಂದೇ ಸಲ ಕೇಳಿದ. ಐತಿ ಎಂದಳು ಪಾರಮ್ಮ, ತಲೆ ತಗ್ಗಿಸದೆ.

ಆ ವಾರದಲ್ಲೇ ಗದಗಿನಿಂದ ಹದಿನಾರು ಪುಟಗಳ ನಕಲು ಬಂತು. ಶೇಖರಮ್ಮ ಅದನ್ನು ಅಂಗಡಿಯಲ್ಲಿ ಕೂತು ಓದಿದಳು. ಫಾತಿಮಾಬೀಯೂ ಇದ್ದಳು, ಪಾರಮ್ಮನೂ ಬಂದಿದ್ದಳು. ಬಾಗಿಲಲ್ಲಿದ್ದವನು ಬಸರಾದ ಜೊತೆಗಾರನಂತೆ, ತೀರಿಕೊಂಡವನ ಉಂಗುರ ತಂದಿದ್ದನಂತೆ. ನನ್ನದೇ ಸಮೀಪ ಬಂತು ಎಂದು ಫಾತಿಮಾಬೀ ಅತ್ತಳು.

ಶೇಖರಮ್ಮ ಅಳುಕುತ್ತ ಪಾರಮ್ಮನ ಕಡೆ ನೋಡಿದಳು. "ನಿಮ್ಮ ಮುಂದ ಓದಬಾರದಿತ್ತೇನೋ."

"ಯಾಕ್ರಿ? ಅದು ಕತಿ ಬರದಾವರ ಬಾಗಿಲು, ನನ್ನದಲ್ಲ," ಎಂದಳು ಪಾರಮ್ಮ. "ಭಾಳ ಛಲೋ ಓದಿದ್ರಿ."

ಹಜರತಬೀ ಆ ಹಾಳೆಗಳನ್ನು ಅಲ್ಲೇ ಸೇರಿಸಿ ಹೊಲಿದಳು. ಹಸಿರು ಬೆನ್ನು ಕಿತ್ತು ನೀಲಿ ಹಚ್ಚಿದಳು. ಕತೆ ಹೇಳುವ ಕರಾರನ್ನು ಸಡಿಲಿಸಲಿಲ್ಲ. ಆದರೆ ಅಂದಿನಿಂದ ಒಬ್ಬೊಬ್ಬರ ಕೊನೆಯನ್ನೂ ಸೂಜಿ ಕೆಳಗಿಟ್ಟು ಕೇಳತೊಡಗಿದಳು. ಜನ ಪುಸ್ತಕದಲ್ಲಿ ಇಲ್ಲದ್ದನ್ನು ಸೇರಿಸಿದಾಗಲೇ ಅವರಿಗೆ ಮುಂದೆ ಏನು ಕೊಡಬೇಕೆಂಬುದು ಇನ್ನಷ್ಟು ಸ್ಪಷ್ಟವಾಗುತ್ತಿತ್ತು.

ಯಲಬುರ್ಗಿಯಲ್ಲಿ, ಪಾರಮ್ಮನ ಅಪ್ಪನ ಮನೆಯ ಅಂಗಳದಲ್ಲಿ ಸೀರುಡಿಕೆ ಆಯಿತು. ಹೊಸ ಸೀರೆ ಉಡಿಸಿ, ಹಿರಿಯರು ಅಕ್ಕಿಕಾಳು ಹಾಕಿದರು. ಯಮನೂರಸಾಬ ಮತ್ತು ಹಜರತಬೀ ಹನುಮಣ್ಣನ ಬಂಡಿಯಲ್ಲೇ ಹೋಗಿ ಬಂದರು. ಮಳೆಗಾಲ ಮುಗಿಯುವಷ್ಟರಲ್ಲಿ ಗ್ಯಾನಪ್ಪನಿಗೆ ಕುಷ್ಟಗಿಯ ದವಾಖಾನೆಗೆ ವರ್ಗವಾಯಿತು.

ದೀಪಾವಳಿಯ ಮುಂದೆ ಪಾರಮ್ಮನಿಂದ ಕಾಗದ ಬಂತು. ಶೇಖರಮ್ಮ ಓದಿ ಹೇಳಿದಳು. ಕುಷ್ಟಗಿಯಲ್ಲಿ ಪಾರಮ್ಮ ಓಣಿಯ ಹೆಂಗಸರಿಗೆ ಕಟ್ಟೆಯ ಮೇಲೆ ಕೂತು ಓದಿ ಹೇಳುತ್ತಾಳಂತೆ. ಸುಂಕಲಮ್ಮ ಎಂಬ ಮುದುಕಿ, ಯಾರನ್ನೂ ನಂಬುವವಳಲ್ಲ, ಎಲ್ಲದಕ್ಕೂ ಯಾಕ ಎಂದು ಕೇಳುತ್ತಾಳೆ. ಹುಲಗೆಮ್ಮ ಹೊಸ ಸೊಸೆ, ಅತ್ತೆಯ ಮುಂದೆ ಬಾಯಿ ಬಿಡುವುದಿಲ್ಲ. ಬಾಷಾಬಿ ಹಗಲೆಲ್ಲ ಕೌದಿ ಹೊಲಿಯುತ್ತಾಳೆ, ಕೇಳುತ್ತ ನಿದ್ದೆ ಹೋಗುತ್ತಾಳೆ. ಇವರಿಗೆ ಏನು ಕೊಡಲಿ, ಚಿಗವ್ವಾ?

ಹಜರತಬೀ ಗೂಡಿನ ಮುಂದೆ ನಿಂತಳು. ಸುಂಕಲಮ್ಮನಿಗೆ ಕಪ್ಪು. ಹುಲಗೆಮ್ಮನಿಗೆ ರಾಜನ ಎದುರು ಮಾತಾಡುವ ಸೇನಾಪತಿಯ ಮಗಳ ಕೆಂಪು. ಬಾಷಾಬಿಗೆ ಕುದುರೆಗಳು ಓಡುತ್ತಲೇ ಇರುವ ಇನ್ನೊಂದು.

"ಮುಖ ನೋಡಲಾರದ ಆರಸಾಕತ್ತಿ," ಎಂದ ಯಮನೂರಸಾಬ.

"ಪಾರೂ ನೋಡ್ಯಾಳಲ್ಲ," ಎಂದಳು ಅವಳು, ಮೂರನ್ನೂ ಅರಿವೆಯಲ್ಲಿ ಕಟ್ಟುತ್ತ. "ಸಾಕು."

ಹದಿನೈದು ದಿನಕ್ಕೆ ಬಂಡಿಯಲ್ಲಿ ಎರಡು ಪುಸ್ತಕ ತಿರುಗಿ ಬಂದವು. ಕಪ್ಪು ಬರಲಿಲ್ಲ. ಸುಂಕಲಮ್ಮ ಅದನ್ನು ಎರಡನೆಯ ಸಲ ಮೊದಲಿನಿಂದ ಓದಿಸುತ್ತಿದ್ದಾಳೆ ಎಂದು ಹನುಮಣ್ಣ ಹೇಳಿದ.